ದಪ್ಪ ನಳಿಗೆಯ ಕೋವಿಯೂ ಅತ್ತೆಯ ಹುಟ್ಟುಹಬ್ಬದ ಹುಂಜವೂ

ಈ ಚಳಿಗಾಲ ಕೈನೂ ಎಂಬ ನಮ್ಮ ಹಿಮದ ಸೀಮೆಯ ಕಾಡುಹುಂಜಗಳೆಲ್ಲ ಉಯಿಲು ಬರೆದಿಟ್ಟುಕೊಳ್ಳಲಿ ಎಂದು ನಾನು ಘೋಷಣೆ ಮಾಡಿದೆ! ಮಾಡಿದ್ದು ಸೌನಾದ ಮೇಲಿನ ಹಲಗೆಯಲ್ಲಿ ಕುಳಿತು, ಮೈಮೇಲೆ ನೂಲೆಳೆಯೂ ಇಲ್ಲದೆ. ಕೇಳಿಸಿಕೊಂಡವಳು ನನ್ನ ಹೆಂಡತಿ ಹಿಲ್ಕ ಒಬ್ಬಳೇ. ಅವಳು ಕಾದ ಕಲ್ಲುಗಳ ಮೇಲೆ ಇನ್ನೊಂದು ಸೌಟು ನೀರು ಸುರಿದಳು. ಚುರ್ರೆಂದು ಎದ್ದ ಹಬೆಗೆ ನನ್ನ ಕಿವಿಗಳೆರಡೂ ಬೆಂದವು.

"ಇನ್ನೂ ಏನಾದ್ರೂ ಹೇಳೋದಿದ್ಯಾ ಅರ್ವೊ?" ಎಂದಳು.

"ಇದೆ! ನಿಮ್ಮಮ್ಮನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಹುಂಜ ತರೋನು ನಾನು. ಚಾಕು ಹಿಡಿಯೋನೂ ನಾನೇ!"

ಚಾಕಿನ ವಿಷಯ ಹೇಳಲೇಬೇಕು. ನನ್ನ ಅತ್ತೆ ಲೆಂಪಿಯವರ ಮನೆಯಲ್ಲಿ ಹುಟ್ಟುಹಬ್ಬದ ಊಟವೆಂದರೆ ಒಲೆಯಲ್ಲಿ ಸುಟ್ಟ ಕಾಡುಹುಂಜ. ಅದನ್ನು ಹೊಡೆದು ತಂದವರೇ ಕೊಯ್ದು ಬಡಿಸಬೇಕು, ಅದೂ ತೀರಿಕೊಂಡ ಮಾವನವರ ಬೇಟೆಚಾಕಿನಲ್ಲಿ. ಮಾವ ಕಾಲವಾದ ಮೇಲೆ ಚಾಕು ಹಿಲ್ಕಳ ಕೈಗೆ ಹೋಯಿತು. ಮಾವನ ಹಳೇ ಕೋವಿಯೂ ಅವಳಿಗೇ ಬಂತು. ಹುಂಜದ ಗುಂಡಿಗೆ ಮಾತ್ರ ಮನೆಯ ಬೇಟೆನಾಯಿ ರೆಪೊಗೆ ಮೀಸಲು. ನಾನು? ನಾನು ದಕ್ಷಿಣದ ರಾಜಧಾನಿಯಿಂದ ಬಂದವನು. ನನ್ನ ಮದುವೆಯಾಗಿ, ಹುಟ್ಟಿದ ಮಗಳು ಕಾಲೇಜು ಸೇರಿದರೂ ಅತ್ತೆಗೆ ಇನ್ನೂ 'ಪೇಟೆ ಅಳಿಯ'. ಪ್ರತಿ ವರ್ಷ ಅಂಗಡಿಯಿಂದ ಕೇಕು ತರುವವನು. ಆ ಮೇಜಿನಲ್ಲಿ ನನಗಿಂತ ನಾಯಿಗೆ ಹೆಚ್ಚು ಮರ್ಯಾದೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಹೋದ ವರ್ಷ ನಾನೂ ಒಂದು ಗುಂಡು ಹಾರಿಸಿದ್ದೆ. ಅದು ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ತಪ್ಪು ಯಾರದು? ಎರವಲು ತಂದ ಕೋವಿಯ ತೆಳ್ಳನೆಯ ನಳಿಗೆಯದು! ಉಸಿರು ಬಿಟ್ಟರೂ ನಡುಗುವ ನಳಿಗೆ!

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು ಹಿಲ್ಕ, ಬೆನ್ನುಜ್ಜಿಕೊಳ್ಳುತ್ತಾ.

ಅವಳಿಗೇನು ಗೊತ್ತು ವಿಜ್ಞಾನ! ನಮ್ಮಲ್ಲಿ ಚಳಿಗಾಲದ ಹುಂಜ ಬರ್ಚ್ ಮರದ ತುತ್ತತುದಿಯಲ್ಲಿ ಮೊಗ್ಗು ತಿನ್ನುತ್ತಾ ಕೂತಿರುತ್ತದೆ. ಹತ್ತಿರ ಹೋದರೆ ಹಾರಿತು. ಶರತ್ಕಾಲದಲ್ಲಾದರೆ ನಾಯಿ ಇರುತ್ತದೆ. ಹಕ್ಕಿಯನ್ನು ಎಬ್ಬಿಸಿ ಮರ ಹತ್ತಿಸಿ ಕೆಳಗೆ ನಿಂತು ಬೊಗಳುತ್ತದೆ, ಹಕ್ಕಿ ಅದನ್ನೇ ನೋಡುತ್ತಾ ಮೈಮರೆಯುತ್ತದೆ. ಚಳಿಗಾಲದ ಆಳ ಹಿಮದಲ್ಲಿ ನಾಯಿ ಓಡಲಾರದು. ಬಿಳಿ ಬಟ್ಟೆ ತೊಟ್ಟು, ಸ್ಕೀ ಮೇಲೆ ಜಾರಿಕೊಂಡು ಹೋಗಿ, ದೂರದಿಂದಲೇ ಹೊಡೆಯಬೇಕು. ಅದಕ್ಕೆ ಬೇಕು ದಪ್ಪ ನಳಿಗೆ! ಭಾರವಿದ್ದಷ್ಟೂ ಅಲುಗಾಡುವುದಿಲ್ಲ. ದಪ್ಪವಿದ್ದಷ್ಟೂ ಬೇಗ ಕಾಯುವುದಿಲ್ಲ. ಇದನ್ನು ನಾನು ಅಡುಗೆಮನೆಯ ಮೇಜಿನ ಮೇಲೆ ಲಟ್ಟಣಿಗೆಯಿಂದ ಪ್ರಯೋಗ ಮಾಡಿ ತೋರಿಸಿದೆ. ಹಿಲ್ಕ ಲಟ್ಟಣಿಗೆ ಕಸಿದುಕೊಂಡು ಕಡುಬಿಗೆ ಹಿಟ್ಟು ಲಟ್ಟಿಸಿದಳು.

"ತಗೋ, ಯಾರು ಬೇಡ ಅಂದ್ರು? ಆದ್ರೆ ಸಾವಿರ ಯೂರೋ ದಾಟಿದ್ರೆ ನಿನ್ನ ಹಾಸಿಗೆ ಸೌನಾದಲ್ಲಿ!"

ಪೊಲೀಸರ ಪರವಾನಗಿ ಬರುವವರೆಗೆ ನಾನು ಊಟ ನಿದ್ದೆ ಬಿಟ್ಟು ಕೋವಿಗಳ ಚಿತ್ರ ನೋಡಿದೆ. ಮದುವೆಗೆ ಹೆಣ್ಣು ನೋಡುವಾಗಲೂ ಇಷ್ಟು ನೋಡಿರಲಿಲ್ಲ! ಬಂದ ದಿನವೇ ಪೇಟೆಯ ಎನ್ಸಿಯೊನ ಅಂಗಡಿಗೆ ಓಡಿದೆ. ಎನ್ಸಿಯೊ ಕಾಫಿ ಬಗ್ಗಿಸಿಕೊಟ್ಟು, ಮೊದಲು ಒಂದು ಹೊಸ ಕೋವಿ ತೋರಿಸಿದ. ವಾಲ್ನಟ್ ಮರದ ಹಿಡಿ, ಕನ್ನಡಿಯಂಥ ಹೊಳಪು. ಬೆಲೆಚೀಟಿ ನೋಡಿ ಕಾಫಿ ಗಂಟಲಲ್ಲೇ ನಿಂತಿತು.

"ಇದು ಕೋವಿನಾ, ಟ್ರ್ಯಾಕ್ಟರಾ?"

"ಕಮ್ಮಿ ಬೆಲೆದೂ ಇದೆ ಅರ್ವೊ. ನಳಿಗೆ ಸಣ್ಣ."

"ಸಣ್ಣ ಬೇಡ!"

"ಹಾಗಾದ್ರೆ ಒಂದು ಮಾತು ಹೇಳ್ತೀನಿ ಕೇಳಿ. ನಿಮ್ಮ ದುಡ್ಡಿಗೆ ಅಂದ, ಹೆಸರು, ದಪ್ಪ ನಳಿಗೆ ಮೂರೂ ಬರಲ್ಲ. ಅಂದ ಬಿಡಿ, ಹೆಸರು ಬಿಡಿ, ನಳಿಗೆ ಹಿಡ್ಕೊಳ್ಳಿ. ಹಳೇದೊಂದಿದೆ." ಎಂದು ಒಳಗೆ ಹೋದವನು ಎರಡೂ ಕೈಯಲ್ಲಿ ಏನನ್ನೋ ಅಪ್ಪಿಕೊಂಡು ಬಂದು ಮೇಜಿನ ಮೇಲೆ ಇಟ್ಟ. ಲೋಟಗಳು ಕುಣಿದವು.

ಅಬ್ಬಾ! ನಳಿಗೆಯೋ, ನೀರಿನ ಕೊಳಾಯಿಯೋ! ಹಿಡಿ ಕಪ್ಪು ಪ್ಲಾಸ್ಟಿಕ್, ಮೈಯೆಲ್ಲ ಗೀರು. ನಳಿಗೆ ಮಾತ್ರ ಒಳಗೆ ಥಳಥಳ. ಗುರಿ ನೋಡುವ ದುರ್ಬೀನು ಸೇರಿದರೂ ಸಾವಿರದೊಳಗೆ! ನನಗೆ ಕಣ್ಣಲ್ಲಿ ನೀರು ಬಂತು.

"ಮೊದಲಿನ ಯಜಮಾನ ಯಾಕೆ ಮಾರಿದ?"

ಎನ್ಸಿಯೊ ಕೆಮ್ಮಿದ. "ಒಳ್ಳೇ ಮನುಷ್ಯ. ಪಾಪ, ಬೆನ್ನುನೋವು."

ಸಂತೋಷದ ಭರದಲ್ಲಿ ಈ ಮಾತು ನನ್ನ ತಲೆಗೆ ಹೋಗಲೇ ಇಲ್ಲ. ಮನೆಗೆ ತಂದು ಹಿಲ್ಕಳ ಕೈಗೆ ಕೊಟ್ಟೆ. ಅವಳು ಎತ್ತಿ ನೋಡಿ, ನನ್ನನ್ನೂ ಒಮ್ಮೆ ಅಡಿಯಿಂದ ಮುಡಿವರೆಗೆ ನೋಡಿದಳು.

"ಕೋವಿ ಚೆನ್ನಾಗಿದೆ. ಇದನ್ನ ಹೊರೋಕೆ ಗಂಡ ಎಲ್ಲಿ ಸಿಕ್ತಾನೆ?"

ನಗಲಿ! ಊರ ಗುರಿಮೈದಾನದಲ್ಲಿ ಮರಳುಚೀಲದ ಮೇಲೆ ಇಟ್ಟು ಮೂರು ಗುಂಡು ಹಾರಿಸಿದೆ. ಮೂರೂ ತೂತು ಒಂದೇ ನಾಣ್ಯದ ಅಡಿ ಮುಚ್ಚಿಹೋದವು. ಮೈದಾನದ ಮುದುಕರು ಒಮ್ಮೆ ತಲೆಯಾಡಿಸಿದರು. ನಮ್ಮ ಕಡೆ ಅದು ಮೆರವಣಿಗೆಗೆ ಸಮ. ಅಂದೇ ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ಈ ಸಲ ಚಾಕು ಮಸೆದಿಡಿ. ನನಗೇ ಬೇಕಾಗುತ್ತೆ!"

"ಕೇಕೂ ತಗೊಂಡು ಬಾಪ್ಪ," ಎಂದರು ಅತ್ತೆ. "ಯಾವುದಕ್ಕೂ ಇರಲಿ."

ಹುಟ್ಟುಹಬ್ಬದ ಹಿಂದಿನ ದಿನ ಬೆಳಿಗ್ಗೆ ಇಬ್ಬರೂ ಕಾಡಿಗೆ ಹೊರಟೆವು. ಚಳಿ ಎಂದರೆ ಮೂಗಿನ ಕೂದಲು ಸೂಜಿಯಾಗುವಂಥ ಚಳಿ. ಹಿಲ್ಕ ಅಪ್ಪನ ಕಡ್ಡಿಯಂಥ ಕೋವಿ ಬೆನ್ನಿಗೆ ಹಾಕಿಕೊಂಡು ಸುಯ್ಯನೆ ಜಾರಿದಳು. ನಾನು ಪ್ರತಿ ಏರಿನಲ್ಲೂ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಹಿಂದಿನದು ನನ್ನದಲ್ಲ, ಕೋವಿಯದು! ಅದು ನನ್ನನ್ನು ಮನೆಯ ಕಡೆಗೇ ಎಳೆಯುತ್ತಿತ್ತು. ಪುಣ್ಯಾತ್ಮನ ಬೆನ್ನುನೋವು ಆಗ ನೆನಪಾಯಿತು.

ಮಧ್ಯಾಹ್ನಕ್ಕೆ ಬೇಟೆಗಾರರ ಗುಡಿಸಲು ಸಿಕ್ಕಿತು. ತೋಟಾ ತೆಗೆದೆವು. ಹಿಲ್ಕ ತನ್ನ ಕೋವಿಯನ್ನು ಹೊರಗೆ, ಬಾಗಿಲ ಪಕ್ಕದ ಸೂರಿನಡಿ ತೂಗುಹಾಕಿದಳು. ನಾನು ನನ್ನದನ್ನು ಎತ್ತಿಕೊಂಡು ಒಳಗೆ ನಡೆದೆ.

"ಹೊರಗಿಡು ಅರ್ವೊ. ಚಳಿಗೆ ಬಂದ ಕೋವಿ ಚಳೀಲೇ ಇರ್ಬೇಕು. ಹಾಲುಗಲ್ಲದ ಮಕ್ಕಳಿಗೂ ಗೊತ್ತು ಇದು."

"ನಿಂದು ಹೊರಗಿರಲಿ, ಅದು ಹಳೇ ಕಡ್ಡಿ! ಇದನ್ನ ನಾನು ಕಣ್ಣಿಂದ ದೂರ ಮಾಡಲ್ಲ."

ಒಲೆಯ ಪಕ್ಕದಲ್ಲೇ ಕೂರಿಸಿದೆ. ನಾವು ಕಾಫಿ ಕುಡಿದು, ಕಡ್ಡಿಗೆ ಚುಚ್ಚಿ ಸುಟ್ಟ ಸಾಸೇಜು ತಿನ್ನುವಷ್ಟರಲ್ಲಿ ನಳಿಗೆಯ ಮೈಮೇಲೆ ಮುತ್ತಿನಂಥ ಹನಿಗಳು! ಅಷ್ಟು ದಪ್ಪ ಕಬ್ಬಿಣ ಅಷ್ಟು ಚಳಿ ಕುಡಿದಿತ್ತಲ್ಲ, ಗುಡಿಸಲ ಆವಿಯೆಲ್ಲ ಅದರ ಮೇಲೇ ಇಳಿದಿತ್ತು. ನಾನೋ ಅದಕ್ಕೆ ಹೊಸ ಕಳೆ ಬಂದಿದೆ ಎಂದುಕೊಂಡು ಟೊಪ್ಪಿಯಿಂದ ಒರೆಸಿದೆ. ಹೊರಗಿನ ನೀರು ಟೊಪ್ಪಿಗೆ ಬಂತು. ಒಳಗಿನದು ಒಳಗೇ ಉಳಿಯಿತು.

ಅಲ್ಲಿಂದ ಅವಳು ಗುಡ್ಡದ ಆಚೆಗೆ, ನಾನು ಈಚೆಗೆ. ಮರಗಳ ನಡುವಿನ ಬಯಲೊಂದರ ಅಂಚಿನಲ್ಲಿ ಸದ್ದಿಲ್ಲದೆ ತಿರುಗಲು ಹೋದೆ. ನಾನು ತಿರುಗಿದೆ, ಬೆನ್ನ ಮೇಲಿನ ಕೋವಿ ತಿರುಗಲಿಲ್ಲ. ಎರಡು ಸ್ಕೀಗಳೂ ಆಕಾಶ ನೋಡಿದವು, ನಾನು ಅಂಗಾತ ಹಿಮದಲ್ಲಿ ಹೂತುಹೋದೆ!

ಅಷ್ಟೇ ಆಗಿದ್ದರೆ ಎದ್ದುಬಿಡುತ್ತಿದ್ದೆ. ಆದರೆ ನನ್ನ ಕೆಳಗಿನ ಹಿಮ 'ಭರ್ರ್' ಎಂದು ಸಿಡಿಯಿತು! ಕಡುಚಳಿಯಲ್ಲಿ ಹುಂಜಗಳು ಹಿಮದೊಳಗೆ ಬಿಲ ಮಾಡಿ ಮಲಗುತ್ತವೆ. ಅಷ್ಟು ದೊಡ್ಡ ಕಾಡಿನಲ್ಲಿ ನಾನು ಬಿದ್ದದ್ದು ಅಂಥದೊಂದರ ಹಾಸಿಗೆಯ ಮೇಲೆ! ನನ್ನ ಕಂಕುಳ ಸಂದಿಯಿಂದ ಕಪ್ಪು ಹುಂಜವೊಂದು ನುಗ್ಗಿ, ಮುಖಕ್ಕೆ ರೆಕ್ಕೆ ಬಡಿದು, ಎದುರಿನ ಬರ್ಚ್ ಮರದ ತುದಿಗೆ ಹಾರಿ ಕೂತು ಕೆಳಗೆ ನೋಡಿತು.

ಇಷ್ಟು ಹತ್ತಿರ! ದುರ್ಬೀನು ಬೇಡ, ದಪ್ಪ ನಳಿಗೆ ಬೇಡ, ಚಪ್ಪಲಿ ಎಸೆದರೂ ತಾಗುವಷ್ಟು ಹತ್ತಿರ! ಬಿದ್ದಲ್ಲೇ ಕೋವಿಯನ್ನು ಎಳೆದುಕೊಂಡೆ. ಇನ್ನೇನು ತೋಟಾ ಹಾಕಬೇಕು, ಕೋವಿಯ ಚಿಲಕದಂಥ ಬೋಲ್ಟ್ ಎಳೆದೆ. ಬರಲಿಲ್ಲ. ಜಗ್ಗಿದೆ. ಊಹೂಂ! ಗುಡಿಸಲಲ್ಲಿ ಕುಡಿದ ನೀರೆಲ್ಲ ಒಳಗೆ ಮಂಜುಗಡ್ಡೆಯಾಗಿ ಕೋವಿ ಒಂದೇ ಕಬ್ಬಿಣದ ತುಂಡಾಗಿತ್ತು. ಚಾಕು ಹಿಡಿಯುವ ಭಾಗ್ಯ ನನ್ನ ಕಣ್ಣೆದುರೇ ಜಾರಿಹೋಗುತ್ತಿತ್ತು. ಅಳು ಬಂತು. ಅಳುವಿನ ಹಿಂದೆಯೇ ನಮ್ಮ ನಾಡಿನ ಅತಿ ಪ್ರಾಚೀನ ಬೈಗುಳ ಬಂತು.

"ಪೆರ್ಕೆಲೆ!" ಎಂದು ಕಿರುಚಿದೆ.

ಹುಂಜ ತಲೆ ಓರೆ ಮಾಡಿ ನೋಡಿತು.

"ಪೆರ್ಕೆಲೆ! ಪೆರ್ಕೆಲೆ! ಪೆರ್ಕೆಲೆ!"

ಒಂದೊಂದು ಬೈಗುಳಕ್ಕೂ ಅದು ಒಮ್ಮೆ ಎಡಗಣ್ಣಿಂದ, ಒಮ್ಮೆ ಬಲಗಣ್ಣಿಂದ ನನ್ನನ್ನು ನೋಡುತ್ತಿತ್ತು. ಹಾರುವುದನ್ನೇ ಮರೆತಿತ್ತು! ನಾನು ಗಂಟಲು ಕಟ್ಟುವವರೆಗೆ ಬೈದೆ. ಆಗ ಗುಡ್ಡದ ಮೇಲಿನಿಂದ 'ಢಂ' ಎಂಬ ಒಂದು ಸಣ್ಣ ಸದ್ದು. ಹುಂಜ ಧೊಪ್ಪೆಂದು ನನ್ನ ಸ್ಕೀಗಳ ಪಕ್ಕ ಬಿತ್ತು.

ಹಿಲ್ಕ ಅಪ್ಪನ ಕಡ್ಡಿ ಹೆಗಲಿಗೇರಿಸಿಕೊಂಡು ಜಾರಿ ಬಂದಳು. ನಗು ತಡೆಯಲಾರದೆ ಅವಳ ರೆಪ್ಪೆಯ ಮೇಲಿನ ಹಿಮವೆಲ್ಲ ಉದುರುತ್ತಿತ್ತು.

"ನಿಮ್ಮಮ್ಮನಿಗೆ ಏನೂ ಹೇಳ್ಬೇಡ," ಎಂದು ಬಿದ್ದಲ್ಲಿಂದಲೇ ಬೇಡಿಕೊಂಡೆ.

"ನಾನಾಗಿ ಬಾಯಿ ಬಿಡಲ್ಲ. ನೀನು ಬಿಡದಿದ್ರೆ ಸಾಕು."

ಮರುದಿನ ಮೇಜಿನ ನಡುವೆ ಹುಂಜ, ಪಕ್ಕದಲ್ಲಿ ಕೆಂಪು ಕಾಡುಹಣ್ಣಿನ ಗೊಜ್ಜು, ಆಲೂಗಡ್ಡೆ. ಕೇಕೂ ಇತ್ತು, ನಾನೇ ತಂದಿದ್ದೆ. ಮೇಜಿನ ಕೆಳಗೆ, ಕಿವಿ ಕೇಳದ ಮುದಿ ರೆಪೊ ತನ್ನ ಪಾಲಿಗೆ ಕಾಯುತ್ತಾ ಮಲಗಿತ್ತು. ಅತ್ತೆ ಮಾವನವರ ಚಾಕನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.

"ಹೊಡೆದೋರು ಯಾರು?"

ಹಿಲ್ಕ ಆಲೂಗಡ್ಡೆ ನೋಡಿದಳು. ಪುಣ್ಯಾತ್ಮಳು, ಮಾತು ಉಳಿಸಿಕೊಂಡಳು. ಸುಮ್ಮನಿದ್ದಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಆ ಚಾಕಿನ ಹಿಡಿ ನನ್ನ ಕಣ್ಣಿಗೆ ಹೊಳೆಯಿತು, ನಾಲಿಗೆ ತುರಿಸಿತು.

"ಇಬ್ರೂ ಸೇರಿ ಅತ್ತೆ! ನಿಜ ಹೇಳ್ಬೇಕಂದ್ರೆ ದೊಡ್ಡ ಕೆಲಸ ನಂದೇ. ಹಿಮದ ಅಡೀಲಿದ್ದ ಹಕ್ಕೀನ ಹುಡುಕಿದ್ದು ನಾನು. ಎಬ್ಬಿಸಿ ಮರ ಹತ್ತಿಸಿದ್ದು ನಾನು. ಅದು ಹಾರಿಹೋಗದ ಹಾಗೆ ಕೆಳಗಿಂದ ಕೂಗಿ ಕೂಗಿ ಹಿಡಿದಿಟ್ಟಿದ್ದೂ ನಾನೇ. ಇವಳು ಬರೀ ಕೋವಿ ಕುದುರೆ ಎಳೆದ್ಲು, ಅಷ್ಟೇ!"

ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದರು. ಮದುವೆಯಾದಂದಿನಿಂದ ಅವರು ನನ್ನನ್ನು ಅಷ್ಟು ಅಕ್ಕರೆಯಿಂದ ನೋಡಿದ್ದೇ ಇಲ್ಲ. ನನ್ನ ಎದೆ ಉಬ್ಬಿತು, ಚಾಕಿಗಾಗಿ ಕೈ ಚಾಚಿದೆ. ಅವರು ಚಾಕನ್ನು ಹಿಲ್ಕಳಿಗೆ ಕೊಟ್ಟರು. ಆಮೇಲೆ ಒಲೆಯ ಹತ್ತಿರ ಹೋಗಿ, ಪುಟ್ಟ ಬಟ್ಟಲನ್ನು ತಂದು, ಬೇರೆಯಾಗಿ ಬೇಯಿಸಿಟ್ಟಿದ್ದ ಹುಂಜದ ಗುಂಡಿಗೆಯನ್ನು ನನ್ನ ತಟ್ಟೆಗೆ ಬಡಿಸಿದರು.

"ಮನೆ ಪದ್ಧತಿ ತಪ್ಪಿಸ್ಬಾರ್ದು," ಎಂದರು.

ಮೇಜಿನ ಕೆಳಗೆ ರೆಪೊ ಗುರ್ರೆಂದಿತು. ಹಿಲ್ಕ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ನಾನು ಏನು ಮಾಡಲಿ? ತಿಂದೆ. ಸುಳ್ಳೇಕೆ ಹೇಳಲಿ, ರುಚಿಯಾಗಿತ್ತು!

ಅತ್ತೆ ನನ್ನ ತಲೆ ಸವರಿ, ಕಿವಿಯ ಹಿಂದೆ ಮೆಲ್ಲಗೆ ಕೆರೆದರು. "ರೆಪೊಗೂ ವಯಸ್ಸಾಯ್ತು ಅಳಿಯಂದ್ರೇ. ಮುಂದಿನ ವರ್ಷವೂ ನೀವೇ ಹೋಗಿ. ಕೋವಿ ಗೀವಿ ಏನೂ ಬೇಡ, ಹಾಗೇ ಹೋಗಿ!"