ಎರಡು ರೆಸಾರ್ಟು, ಒಂದು ತೆಪ್ಪ

ನಂಜನಗೂಡಿನ ಪೈಪು-ಪಂಪ್‌ಸೆಟ್ ಅಂಗಡಿಯ ಅಮೃತೇಶನಿಗೆ ಕಷ್ಟ ಬಂದದ್ದು ಬಹುಮಾನದ ರೂಪದಲ್ಲಿ. ಎರಡು ಸಾವಿರದ ಒಂದನೇ ಇಸವಿಯಲ್ಲಿ ತಾಲ್ಲೂಕಿನ ಮೂಲೆಮೂಲೆಯಲ್ಲೂ ಬೋರ್‌ವೆಲ್ ಕೊರೆಸುವ ಹುಚ್ಚು ಹತ್ತಿ, ಅವನ ಅಂಗಡಿಯ ಪೈಪುಗಳು ಕಡ್ಲೆಪುರಿಯ ಹಾಗೆ ಖರ್ಚಾಗಿದ್ದವು. ಮೆಚ್ಚಿಕೊಂಡ ಪೈಪ್ ಕಂಪನಿಯವರು ಗಂಡ ಹೆಂಡತಿ ಇಬ್ಬರೂ ಅಂಡಮಾನ್ ನೋಡಿಕೊಂಡು ಬರಲಿ ಎಂದು ಪ್ರವಾಸ ದಯಪಾಲಿಸಿದರು. ಒಂದು ದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವುದಕ್ಕೂ ಕಂಪನಿಯ ಗುರುಪ್ರಸಾದ್ ಮೈಸೂರಿನಿಂದ ಬಂದಿಳಿಯುವುದಕ್ಕೂ ಸರಿಹೋಯಿತು. ಅವನು ಬಣ್ಣದ ಎರಡು ಚಿತ್ರಗಳನ್ನು ಮೇಜಿನ ಮೇಲೆ ಹರಡಿದ.

"ಎರಡು ರೆಸಾರ್ಟ್ ಇವೆ ಸರ್. ಇದು ಏರ್‌ಪೋರ್ಟಿಗೆ ಹತ್ತಿರ. ಇಳಿದ್ರಿ, ಆಟೋ ಹತ್ತಿದ್ರಿ, ರೂಮು. ಮೆಡಿಕಲ್ ಸ್ಟೋರು, ಇಡ್ಲಿ ಹೋಟ್ಲು ಎಲ್ಲ ಪಕ್ಕದಲ್ಲೇ. ರೂಮು ಮಾತ್ರ ಚಿಕ್ಕದು, ಕಿಟಕಿ ತೆಗೆದ್ರೆ ಬಸ್‌ಸ್ಟ್ಯಾಂಡ್ ಕಾಣುತ್ತೆ. ಇನ್ನೊಂದು ಬೇರೆ ದ್ವೀಪದಲ್ಲಿದೆ. ಎರಡು ಸಲ ದೋಣಿ ಬದಲಾಯಿಸ್ಬೇಕು. ಆದ್ರೆ ಹೋಗಿ ಸೇರಿದ್ರೆ ಸ್ವರ್ಗ. ಬಾಗಿಲು ತೆಗೆದ್ರೆ ಮರಳು, ಆಮೇಲೆ ಸಮುದ್ರ. ಅನುಕೂಲ ಬೇಕೋ ಸುಖ ಬೇಕೋ ನೀವೇ ನೋಡಿ. ಸಂಜೆ ಐದರೊಳಗೆ ಫೋನ್ ಮಾಡ್ಬಿಡಿ, ಬುಕಿಂಗ್ ಕ್ಲೋಸ್ ಆಗುತ್ತೆ."

ಅಮೃತೇಶನ ಕಿವಿಯಲ್ಲಿ ಉಳಿದದ್ದು ಒಂದೇ ಮಾತು, ಎರಡು ಸಲ ದೋಣಿ.

ವಿಮಾನದ ಭಯ ಅವನಿಗಿರಲಿಲ್ಲ. ಬಿದ್ದರೆ ಎಲ್ಲರೂ ಒಟ್ಟಿಗೆ ಬೀಳುತ್ತಾರೆ ಎಂಬ ಧೈರ್ಯವಿತ್ತು. ಅವನನ್ನು ಕಾಡುತ್ತಿದ್ದದ್ದು ನೀರು. ಹೈಸ್ಕೂಲಿನ ಪ್ರವಾಸದಲ್ಲಿ ತಲಕಾಡಿನ ಬಳಿ ಬುಟ್ಟಿಯಂಥ ದುಂಡು ತೆಪ್ಪ ಹತ್ತಿ, ನಡುನೀರಿನಲ್ಲಿ ಡ್ರಿಲ್ ಮಾಸ್ತರರ ಸೊಂಟ ತಬ್ಬಿ ಹಿಡಿದವನು ದಡ ಸೇರಿದ ಮೇಲೂ ಬಿಟ್ಟಿರಲಿಲ್ಲ. ಹುಡುಗರು ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಅವನನ್ನು 'ಲಂಗರು' ಎಂದೇ ಕರೆದರು. ಈ ಸಂಗತಿ ಹೆಂಡತಿ ಸರ್ವಮಂಗಳಾಳ ಕಿವಿಗೆ ಬೀಳದಂತೆ ಮದುವೆಯಾದಾಗಿನಿಂದಲೂ ಕಾಪಾಡಿಕೊಂಡು ಬಂದಿದ್ದ.

ಅಂಗಡಿಯ ಹಿಂದುಗಡೆಯೇ ಮನೆ. ಸರ್ವಮಂಗಳಾ ಕೈಯೊರೆಸಿಕೊಂಡು ಬಂದು ಎರಡು ಚಿತ್ರಗಳನ್ನೂ ನೋಡಿದಳು. ಬಸ್‌ಸ್ಟ್ಯಾಂಡಿನ ಚಿತ್ರವನ್ನು ಮಡಚಿ ಬದಿಗಿಟ್ಟು, ಇನ್ನೊಂದನ್ನು ಬೆಳಕಿಗೆ ಹಿಡಿದಳು. ತೆಂಗಿನ ಗರಿಯ ಮಾಡು, ಬಿಳಿ ಸೊಳ್ಳೆಪರದೆಯ ಮಂಚ, ಆಚೆ ನೀಲಿ ನೀರು.

"ರೀ, ಈ ಮಂಚದ ಮೇಲೆ ಒಂದು ಮಧ್ಯಾಹ್ನ ಸುಮ್ನೆ ಮಲಗಿರ್ಬೇಕು ಕಣ್ರೀ. ಯಾರೂ ಬಂದು ಕಾಫಿ ಇದೆಯಾ ಅಂತ ಕೇಳ್ಬಾರ್ದು."

ಹೆಡತಲೆ ಎಂಬ ಹಳ್ಳಿಯಲ್ಲಿ ಹುಟ್ಟಿ, ನಂಜನಗೂಡಿಗೆ ಮದುವೆಯಾಗಿ ಬಂದು, ಅಂಗಡಿಗೆ ಬರುವ ಗಿರಾಕಿಗಳಿಗೆಲ್ಲ ಕಾಫಿ ಕಾಸಿಕೊಡುತ್ತಾ ಬಂದವಳು ಅವಳು. ಏನನ್ನೂ ಕೇಳುವ ಅಭ್ಯಾಸವಿರಲಿಲ್ಲ. ಅಮೃತೇಶ ಬಸ್‌ಸ್ಟ್ಯಾಂಡಿನ ಚಿತ್ರವನ್ನು ಮತ್ತೆ ಬಿಡಿಸಿ ಅವಳ ಮುಂದಿಟ್ಟ.

"ಅದು ದೂರ ಆಯ್ತದೆ ಸರ್ವಮಂಗಳಾ. ಇದು ಅನುಕೂಲ ನೋಡು. ತಲೆನೋವು ಬಂತು ಅಂದ್ರೆ ಮೆಡಿಕಲ್ ಸ್ಟೋರ್ ಪಕ್ಕದಲ್ಲೇ ಇದೆ."

"ಮೆಡಿಕಲ್ ಸ್ಟೋರು ನಮ್ಮ ಬೀದೀಲೇ ಎರಡಿದಾವಲ್ಲ. ಅದನ್ನ ನೋಡಕ್ಕೆ ವಿಮಾನ ಹತ್ತಬೇಕಾ?" ಎಂದು ಕೇಳಿ ಅವಳು ಒಳಗೆ ಹೋದಳು. ಜಗಳವಾಡಲಿಲ್ಲ. ಅವಳ ಮಾತು ಅಮೃತೇಶನಿಗೆ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಒತ್ತತೊಡಗಿತು.

ಅಷ್ಟರಲ್ಲಿ ಸುದ್ದಿ ಬೀದಿಗೆ ಬಿದ್ದಿತ್ತು. ಚಿಕ್ಕಯ್ಯನಛತ್ರದಿಂದ ಫುಟ್‌ವಾಲ್ವ್ ಕೊಳ್ಳಲು ಬಂದಿದ್ದ ರೈತ ದೊಡ್ಡಸಿದ್ದಯ್ಯ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಮಲಿಕೊಳ್ಳಾಕೆ ಅಷ್ಟು ದೂರ ಯಾಕೋಗ್ಬೇಕು ಸಾವ್ಕಾರ್ರೆ? ನಮ್ಮ ತೋಟುಕ್ ಬನ್ನಿ, ಪಂಪ್‌ಸೆಟ್ ಮನೆ ತಣ್ಣಗದೆ. ಮೋಟ್ರೂ ಕೆಟ್ಟದೆ, ಅಂಗೇ ನೋಡ್ದಂಗಾಯ್ತದೆ."

ಅವನನ್ನು ಸಾಗಹಾಕುವಷ್ಟರಲ್ಲಿ ಪಕ್ಕದ ಮನೆಯ ಸಿದ್ದಮಲ್ಲಪ್ಪ ಮೇಷ್ಟ್ರು ಬಂದರು. ನಿವೃತ್ತ ಹೆಡ್‌ಮಾಸ್ಟರು. ಒಮ್ಮೆ ರಾಮೇಶ್ವರಕ್ಕೆ ಹೋಗಿ ರೈಲಿನ ಕಿಟಕಿಯಿಂದ ಸಮುದ್ರ ನೋಡಿದ್ದರಿಂದ ಆ ಬೀದಿಗೆ ಸಮುದ್ರದ ವಿಷಯದಲ್ಲಿ ಅವರ ಮಾತೇ ಕೊನೆ.

"ಸುಖಾನೇ ಆರಿಸ್ಕೊ. ಅನುಕೂಲ ಊರಲ್ಲೇ ಇರ್ತದೆ. ಪಾಪ, ಆ ಹೆಣ್ಣುಮಗಳು ಬಾಯ್ಬಿಟ್ಟು ಕೇಳಿದ್ದಾಳೆ" ಎಂದರು.

ಅಮೃತೇಶ ಸುತ್ತ ನೋಡಿ, ಪೈಪುಗಳ ಹಿಂದಕ್ಕೆ ಅವರನ್ನು ಕರೆದೊಯ್ದು, ಯಾರಿಗೂ ಹೇಳಬಾರದೆಂದು ಭಾಷೆ ತೆಗೆದುಕೊಂಡು ದೋಣಿಯ ಭಯವನ್ನು ಒಪ್ಪಿಕೊಂಡ. ಮೇಷ್ಟ್ರು ನಗಲಿಲ್ಲ. ಮಗ್ಗಿ ಮರೆತ ಹುಡುಗನನ್ನು ನೋಡುವಂತೆ ಕನಿಕರದಿಂದ ನೋಡಿದರು.

"ಅದು ಹುಡುಗಾಟದ ವಯಸ್ಸಿನ ಭಯ. ಈಗ ಇದೆಯೋ ಇಲ್ವೋ ಯಾರು ಕಂಡರು? ಪರೀಕ್ಷೆ ಮಾಡದೆ ಫಲಿತಾಂಶ ಹೇಳಬಾರ್ದು. ನಡಿ, ಇಲ್ಲಾದ್ರೆ ಯಾರಾದ್ರೂ ನೋಡ್ತಾರೆ, ಟಿ. ನರಸೀಪುರಕ್ಕೆ ಹೋಗಿ ತೆಪ್ಪ ಹತ್ತಿ ನೋಡೇಬಿಡೋಣ. ಪಾಸಾದ್ರೆ ದೂರದ್ದು, ಫೇಲಾದ್ರೆ ಬಸ್‌ಸ್ಟ್ಯಾಂಡು."

ಬೇಡವೆನ್ನಲು ಅಮೃತೇಶ ಬಾಯಿ ತೆರೆದ. ಒಳಗೆ ಸರ್ವಮಂಗಳಾ ಯಾರಿಗೋ ಕಾಫಿ ಸೋಸುವ ಸದ್ದು ಕೇಳಿಸಿತು. ಸುಮ್ಮನೆ ಸ್ಕೂಟರಿನ ಕೀಲಿ ತೆಗೆದುಕೊಂಡ. ಮೇಷ್ಟ್ರು ಮನೆಗೆ ಹೋಗಿ ಒಂದು ಟವಲ್ಲು, ನಾಲ್ಕು ನಿಂಬೆಹಣ್ಣು ಹಿಡಿದುಕೊಂಡು ಬಂದರು. ವಾಕರಿಕೆ ಬಂದರೆ ಮೂಸಲಿಕ್ಕಂತೆ. ಮನೆಯಲ್ಲಿ ಮೈಸೂರಿಗೆ ಸ್ಟಾಕ್ ತರಲು ಹೋಗುತ್ತೇನೆಂದು ಹೇಳಿ ಅಮೃತೇಶ ಸ್ಕೂಟರಿಗೆ ಕಿಕ್ ಕೊಟ್ಟ. ಸುತ್ತೂರು ಬರುವವರೆಗೂ ಮೇಷ್ಟ್ರು ಹಿಂದಿನಿಂದ ಧೈರ್ಯ ತುಂಬಿದರು. ತುಂಬಿದಷ್ಟೂ ಅಮೃತೇಶ ಸ್ಕೂಟರಿನ ವೇಗ ಇಳಿಸಿದ.

ಟಿ. ನರಸೀಪುರದ ಸಂಗಮದಲ್ಲಿ ನೀರು ಚೆನ್ನಾಗಿಯೇ ಇತ್ತು. ತೆಪ್ಪದ ಮಾದು ಬೀಡಿ ಆರಿಸಿ ಎದ್ದು ನಿಂತ.

"ಆ ದಡುಕ್ಕಾ ಸಾ?"

"ಯಾವ ದಡಕ್ಕೂ ಬೇಡಪ್ಪ" ಎಂದರು ಮೇಷ್ಟ್ರು. "ಇಲ್ಲೇ ನಡುವೆ ಸುತ್ತಿಸು. ಸಮುದ್ರದಲ್ಲಿ ದೋಣಿ ಹೆಂಗೆ ಅಲ್ಲಾಡ್ತದೋ ಹಂಗೆ."

ಮಾದು ತಲೆ ಕೆರೆದುಕೊಂಡ. "ಸಮುದ್ರ ನಾನ್ ನೋಡಿಲ್ಲ ಸಾ. ಜೋರಾಗ್ ಸುತ್ತುಸ್ಲಾ, ನಿದಾನುಕ್ಕಾ?"

"ಮೊದ್ಲು ನಿಧಾನಕ್ಕೆ, ಆಮೇಲೆ ಜೋರಾಗಿ. ಸುಲಭದ ಪ್ರಶ್ನೆ ಮುಂಚೆ ಕೊಡ್ಬೇಕು."

ಅಮೃತೇಶ ಕಣ್ಣು ಮುಚ್ಚಿಕೊಂಡು ತೆಪ್ಪಕ್ಕೆ ಕಾಲಿಟ್ಟ. ಅದು ಬೆಣ್ಣೆ ಸವರಿದ ತಟ್ಟೆಯ ಹಾಗೆ ಜಾರಿತು. ಅವನು ತಳದಲ್ಲಿ ಕುಕ್ಕರಿಸಿ ಅಂಚನ್ನು ಎರಡೂ ಕೈಯಲ್ಲಿ ಹಿಡಿದ. ನಡುನೀರಿಗೆ ಬಂದಾಗ ಗಲ್ಲವನ್ನೂ ಅಂಚಿಗೆ ಒತ್ತಿ ಹಿಡಿದ.

"ಹೆಂಗನಿಸ್ತಾ ಇದೆ?" ಮೇಷ್ಟ್ರು ನಿಂಬೆಹಣ್ಣು ಮೂಗಿಗೆ ಹಿಡಿದು ಕೇಳಿದರು. ಅರೆಗಳಿಗೆ ಬಿಟ್ಟು ಮತ್ತೆ ಕೇಳಿದರು, "ಈಗ?"

"ನೀವು ಕೇಳೋದು ನಿಲ್ಲಿಸಿದ್ರೆ ಚೆನ್ನಾಗಿರ್ತದೆ ಮೇಷ್ಟ್ರೇ."

"ಇನ್ನು ಜೋರಾಗಿ ಮಾದು" ಎಂದರು ಮೇಷ್ಟ್ರು.

ಮಾದು ಹುಟ್ಟನ್ನು ಓರೆಯಾಗಿ ಹಾಕಿ ಎಳೆದ. ತೆಪ್ಪ ಬುಗುರಿಯಂತೆ ತಿರುಗಿತು. ದೇವಸ್ಥಾನ, ಸೇತುವೆ, ಬಟ್ಟೆ ಒಗೆಯುವವರು, ಮತ್ತೆ ದೇವಸ್ಥಾನ, ಎಲ್ಲ ಒಂದರ ಮೇಲೊಂದು ಹತ್ತಿಕೊಂಡು ಓಡಿದವು. ಅಮೃತೇಶ ಮನೆದೇವರನ್ನು ನೆನೆದು, ಡ್ರಿಲ್ ಮಾಸ್ತರರನ್ನೂ ನೆನೆದು, ಬರುವುದು ಬರಲಿ ಎಂದು ಕಣ್ಣು ಮುಚ್ಚಿ ಕೂತ. ಪಕ್ಕದಿಂದ ವಿಚಿತ್ರವಾದ ಸದ್ದು ಬಂತು. ಕಣ್ಣು ಬಿಟ್ಟು ನೋಡಿದರೆ ಮೇಷ್ಟ್ರ ಮುಖ ಸುಣ್ಣವಾಗಿತ್ತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ನಿಂಬೆಹಣ್ಣುಗಳು ತೆಪ್ಪದ ತಳದಲ್ಲಿ ಉರುಳಾಡುತ್ತಿದ್ದವು.

"ನಿಲ್ಲಿಸ್ಲಾ ಸಾ?" ಮಾದು ಕೇಳಿದ.

ಮೇಷ್ಟ್ರು ಅಂಚಿನಾಚೆಗೆ ಬಾಗಿದರು, ತೆಪ್ಪವೂ ಅವರ ಜೊತೆಗೇ ಬಾಗಿತು. ಅಮೃತೇಶ ನೆಗೆದು ಒಂದು ಕೈಯಲ್ಲಿ ಅವರ ಪಂಚೆಯ ಕಚ್ಚೆ, ಇನ್ನೊಂದು ಕೈಯಲ್ಲಿ ಹಣೆ ಹಿಡಿದುಕೊಂಡ. ಬೊಗಸೆ ಬೊಗಸೆ ನೀರು ಒಳಗೆ ನುಗ್ಗಿ ಅವನ ಪ್ಯಾಂಟು, ಅಂಗಿ ಎಲ್ಲ ತೊಯ್ದುಹೋಯಿತು. ಮೇಷ್ಟ್ರ ಬೆಳಗಿನ ಉಪ್ಪಿಟ್ಟು ಕಾವೇರಿಗೆ ಅರ್ಪಣೆಯಾಯಿತು.

ಅವರನ್ನು ಒರಗಿಸಿ ಮಲಗಿಸಿದ ಮೇಲೆ ಅಮೃತೇಶನಿಗೆ ಒಂದು ಸಂಗತಿ ಹೊಳೆಯಿತು. ಅವನು ನಡುನೀರಿನಲ್ಲಿ, ಅಲ್ಲಾಡುವ ತೆಪ್ಪದಲ್ಲಿ, ಯಾವುದನ್ನೂ ಹಿಡಿಯದೆ ಮಂಡಿಯೂರಿ ಕೂತಿದ್ದ. ಎದುರಿಗೆ ಕಪಿಲೆಯ ನೀರು ಕಾವೇರಿಯ ನೀರಿಗೆ ಸೇರುವ ಕಡೆ ಬಿಸಿಲು ಬಿದ್ದು ಹೊಳೆಯುತ್ತಿತ್ತು. ಇಷ್ಟು ವರ್ಷ ಇದಕ್ಕಾ ಹೆದರಿದೆ ಎನಿಸಿತು. ಸಮುದ್ರ ಇನ್ನೂ ಚೆನ್ನಾಗಿರಬೇಕು. ಅದರೆದುರು ಸರ್ವಮಂಗಳಾ ಕಾಲು ಚಾಚಿ ಕೂತಿರುತ್ತಾಳೆ, ತಾನು ಎಳನೀರು ತಂದು ಕೊಡುತ್ತೇನೆ, ಅವಳು ಯಾಕೆ ಇಷ್ಟು ದೂರ ಬಂದೆವು ಎಂದು ಕೇಳುವುದಿಲ್ಲ.

"ಇನ್ನೊಂದು ಸುತ್ತು ಹಾಕು ಮಾದು" ಎಂದ.

"ಬೇಡ" ಎಂದರು ಮೇಷ್ಟ್ರು, ತೆಪ್ಪದ ತಳದಿಂದ.

ದಡ ಸೇರಿದಾಗ ಮೂರೂವರೆ. ಮೇಷ್ಟ್ರು ಮೆಟ್ಟಿಲ ಮೇಲೆ ಮಲಗಿ, ಒದ್ದೆ ಟವಲ್ಲು ಮುಖಕ್ಕೆ ಹಾಕಿಕೊಂಡರು. ಸ್ಕೂಟರ್ ಹತ್ತಲಾರೆ, ತಿರುಗುವ ಚಕ್ರ ಕಂಡರೇ ಹೊಟ್ಟೆ ತೊಳಸುತ್ತದೆ, ಸುಧಾರಿಸಿಕೊಂಡು ಬಸ್ಸಿಗೆ ಬರುತ್ತೇನೆ, ನೀನು ಹೋಗಿ ಫೋನ್ ಮಾಡು ಎಂದರು. ಅಮೃತೇಶ ಎಸ್‌ಟಿಡಿ ಬೂತಿಗೆ ಓಡಿದ. ಬೂತಿನವನು ನೀರು ತೊಟ್ಟಿಕ್ಕುವ ಗಿರಾಕಿಯನ್ನು ಒಳಗೆ ಬಿಡಲಿಲ್ಲ.

"ಕರೆಂಟ್ ಐಟಂ ಸಾರ್, ಶಾಕ್ ಹೊಡೀತದೆ. ಬಿಸಿಲಲ್ಲಿ ಒಣಗ್ಕೊಂಡು ಬನ್ನಿ."

ಅಮೃತೇಶ ಬೀದಿಯಲ್ಲಿ ಕೈ ಅಗಲಿಸಿಕೊಂಡು ನಿಂತ. ದಾರಿಹೋಕರು ಅವನನ್ನು ಹರಕೆ ಹೊತ್ತವನೆಂದು ತಿಳಿದು ಸುತ್ತಿಕೊಂಡು ಹೋದರು. ಕೊನೆಗೂ ಒಳಗೆ ಹೋಗಿ ಗುರುಪ್ರಸಾದನ ನಂಬರ್ ಒತ್ತಿದರೆ ಎಂಗೇಜ್. ಮತ್ತೆ ಒತ್ತಿದ, ಮತ್ತೆ ಎಂಗೇಜ್. ಯಾರಪ್ಪ ಇವನ ಹತ್ತಿರ ಇಷ್ಟು ಹೊತ್ತು ಮಾತಾಡುವವರು ಎಂದು ಬೈದುಕೊಂಡು ಸ್ಕೂಟರ್ ಹತ್ತಿದ. ಇಡೀ ದಾರಿ ಒಂದೇ ಸಮನೆ ಓಡಿಸಿದ. ಗಾಳಿಗೆ ಅಂಗಿ ಒಣಗಿತು, ಪ್ಯಾಂಟು ಒಣಗಲಿಲ್ಲ.

ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಮನೆ ಮುಟ್ಟಿದ. ಒಳಗೆ ಕಾಲಿಟ್ಟರೆ ನಡುಮನೆಯಲ್ಲಿ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು. ಒಂದು ಕಡೆ ಸರ್ವಮಂಗಳಾ, ಇನ್ನೊಂದು ಕಡೆ ಅವನ ತಾಯಿ ಮುತ್ತಮ್ಮ, ನಡುವೆ ಸೀರೆಗಳ ರಾಶಿ. ಹೊರಡುವ ದಿನ ಇನ್ನೂ ದೂರವಿತ್ತು, ಆದರೆ ಇಬ್ಬರ ಮುಖವೂ ಬಸ್ಸು ಬಾಗಿಲಿಗೆ ಬಂದು ನಿಂತವರ ಹಾಗಿತ್ತು.

"ಸರ್ವಮಂಗಳಾ, ದೂರದ್ದಕ್ಕೇ ಹೋಗೋಣ" ಎಂದು ಏದುಸಿರು ಬಿಟ್ಟ. "ಈಗ್ಲೇ ಫೋನ್ ಮಾಡ್ತೀನಿ."

"ನಾನೇ ಮಾಡಿದ್ದಾಯ್ತು" ಎಂದಳು ಅವಳು. ಎದ್ದು ಬಂದು ಅವನ ಮುಂದೆ ನಿಂತಳು. ದನಿ ಇಳಿಸಿದಳು. "ಮೇಷ್ಟ್ರ ಹೆಂಡ್ತಿ ರಾಮಮ್ಮೋರು ನಿಮ್ಮ ಭಯದ ವಿಷಯ ಹೇಳಿದ್ರು. ಮೇಷ್ಟ್ರು ನಿಂಬೆಹಣ್ಣು ತಗೊಳೋವಾಗ ಅವರ ಹತ್ರ ಗುಟ್ಟಾಗಿ ಹೇಳಿದ್ರಂತೆ. ದೋಣಿ ಅಂದ್ರೆ ನಿಮಗೆ ಅಷ್ಟು ಭಯ ಅಂತ ನನಗೆ ಯಾಕ್ರೀ ಹೇಳ್ಲಿಲ್ಲ? ನಾನು ನಗ್ತೀನಿ ಅನ್ಕೊಂಡ್ರಾ?"

"ಅದು ಹಂಗಲ್ಲ..."

"ನನ್ನ ಆಸೆಗೋಸ್ಕರ ನೀವು ನೀರಲ್ಲಿ ಒದ್ದಾಡ್ಬೇಕಾ? ಯೋಚನೆ ಮಾಡಿ ಮಾಡಿ ನನಗೇ ಅಳು ಬಂತು. ಗುರುಪ್ರಸಾದ್ ಅವರಿಗೆ ಫೋನ್ ಮಾಡಿ ಅರ್ಧ ಗಂಟೆ ಬೇಡ್ಕೊಂಡೆ. ಕೊನೆಗೆ ಒಪ್ಕೊಂಡ್ರು. ದೂರದ್ದೇ ಬುಕ್ ಆಯ್ತು. ನಿಮ್ಮ ಹೆಸರು ತೆಗೆಸಿ ಅತ್ತೆ ಹೆಸರು ಹಾಕ್ಸಿದೀನಿ. ನೀವು ಆರಾಮಾಗಿ ಅಂಗಡಿ ನೋಡ್ಕೊಂಡಿರಿ."

ಭಯ ಹೋಯಿತೆಂದು ಹೇಳಲು ಅಮೃತೇಶ ಬಾಯಿ ತೆರೆದ. ಅಷ್ಟರಲ್ಲಿ ಮುತ್ತಮ್ಮ ಮೊಣಕಾಲಿಗೆ ಕೈಯೂರಿ ಎದ್ದು ಬಂದರು.

"ನಿಮ್ಮಪ್ಪಾರೂ ಹಂಗೇ ಕಣಪ್ಪ, ನೀರು ಕಂಡ್ರಾಗ್ತಿರ್ಲಿಲ್ಲ. ಅವರಿರೋವರ್ಗೂ ನಾನು ಹೊಳೆಯಾಚೆ ದಡ ನೋಡ್ಲಿಲ್ಲ. ಅವರೊಬ್ರನ್ನೇ ಬಿಟ್ಟು ಹೆಂಗೋಗೋದು ಅಂತ ಸುಮ್ನಿದ್ದೆ. ಈಗ ಈ ಹುಡುಗಿ, ಅತ್ತೆ ನೀವು ಬನ್ನಿ ಅಂದ್ಲು. ಈ ವಯಸ್ಸಲ್ಲಿ ಸಮುದ್ರ ನೋಡ್ತೀನಿ ಅಂತ ಯಾರು ಅನ್ಕೊಂಡಿದ್ರು ಮಗ" ಎಂದು ಅವನ ಕೆನ್ನೆ ಸವರಿದರು.

ಹೇಳಬೇಕೆಂದಿದ್ದನ್ನು ಬಿಟ್ಟು, ಅಮೃತೇಶ ತಾಯಿಯ ಸೀರೆಯೊಂದನ್ನು ಮಡಚಿ ಸೂಟ್‌ಕೇಸಿನಲ್ಲಿಟ್ಟ.

"ನಿಮ್ಮ ಪ್ಯಾಂಟ್ ಯಾಕೆ ನೆಂದಿದೆ?" ಸರ್ವಮಂಗಳಾ ಕೇಳಿದಳು.

"ಪೈಪ್ ಒಡೀತು."

ಬೀದಿಯಲ್ಲಿ ಸದ್ದಾಯಿತು. ಬಸ್ಸಿಳಿದು ಬರುತ್ತಿದ್ದ ಸಿದ್ದಮಲ್ಲಪ್ಪ ಮೇಷ್ಟ್ರು ದೂರದಿಂದಲೇ ಕೈಯೆತ್ತಿದ್ದರು. ಅವರು ಬಾಯಿ ತೆರೆಯುವ ಮುಂಚೆ ಅಮೃತೇಶ ಓಡಿ ಹೋಗಿ ಅವರನ್ನು ಗೋಡೆಯ ಮರೆಗೆ ಎಳೆದು ನಡೆದದ್ದನ್ನು ಹೇಳಿದ.

"ದಯವಿಟ್ಟು ಮನೇಲಿ ತೆಪ್ಪದ ಮಾತೆತ್ತಬೇಡಿ, ನಾನು ಫೇಲಾದೆ ಅಂತಾನೇ ಇರ್ಲಿ ಮೇಷ್ಟ್ರೇ."

ಮೇಷ್ಟ್ರು ಹೆಗಲ ಮೇಲಿನ ಟವಲ್ಲು ಕೊಡವಿದರು. "ನನ್ನ ಸರ್ವೀಸಿನಲ್ಲಿ ಫೇಲಾದೋರನ್ನ ಪಾಸು ಮಾಡಿದ್ದುಂಟು. ಪಾಸಾದೋನನ್ನ ಫೇಲು ಮಾಡ್ತಾ ಇರೋದು ಇದೇ ಮೊದ್ಲು" ಎಂದು ಅವನ ಹೆಗಲು ತಟ್ಟಿ ತಮ್ಮ ಮನೆಯೊಳಗೆ ಹೋದರು.

ಅಮೃತೇಶ ಹಿಂತಿರುಗಿ ಬಂದಾಗ ಮುತ್ತಮ್ಮ ಬಾಗಿಲಲ್ಲೇ ನಿಂತಿದ್ದರು.

"ಅಮೃತೇಶ, ನಾಳೆ ನಮ್ಮಿಬ್ರುನ್ನೂ ಟಿ. ನರಸೀಪುರಕ್ಕೆ ಕರ್ಕೊಂಡೋಗಪ್ಪ. ತೆಪ್ಪ ಹತ್ತಿ ಒಂದೆರಡು ಸುತ್ತು ಅಭ್ಯಾಸ ಮಾಡ್ಕೊತೀವಿ. ನೀನು ಹತ್ರ ಬರ್ಬೇಡ, ಹೆದರ್ಕೊತೀಯ. ಮೆಟ್ಟಿಲ ಮೇಲೆ ಕೂತು ನಮ್ಮ ಚಪ್ಪಲಿ ನೋಡ್ಕೊ."

"ಆಗ್ಲಿ ಅಮ್ಮ" ಎಂದ ಅಮೃತೇಶ. ನಾಳೆ ಬೆಳಗಾಗುವುದರೊಳಗೆ ಮಾದುವಿನ ಬಾಯಿ ಹೇಗೆ ಮುಚ್ಚಿಸುವುದು ಎಂದು ಯೋಚಿಸುತ್ತಾ, ಒದ್ದೆ ಪ್ಯಾಂಟಿನಲ್ಲೇ ಅಂಗಡಿಯ ಮೆಟ್ಟಿಲ ಮೇಲೆ ಕೂತ.