ಸೆಂಡ್ ಇಲ್ಲದ ಪೇಜು

ದಿನಾ ಬೆಳಿಗ್ಗೆ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡ ಮೇಲೆ ಶಿವಗಂಗವ್ವ ಚಹಾಕ್ಕಿಂತ ಮೊದಲು ಫೋನಿನಲ್ಲಿ ಒಂದು ಇಮೇಲ್ ಬರೆಯುತ್ತಿದ್ದಳು. ಜ್ವರ ಬಂದರೂ ತಪ್ಪಿಸಿದವಳಲ್ಲ. ಹಾಲಿಗೆ ನೀರು ಬೆರೆಸುವವನಿಗೆ, ಒಣಹಾಕಿದ ಬಟ್ಟೆಯ ಮೇಲೆ ಚಾಪೆ ಝಾಡಿಸುವ ನೆರೆಮನೆಯ ಮಲಕವ್ವನಿಗೆ, ಬಹುತೇಕ ದಿನ ಗಂಡ ವಿರುಪಾಕ್ಷಪ್ಪನಿಗೆ. ಬರೆದದ್ದನ್ನು ಮಾತ್ರ ಯಾರಿಗೂ ಕಳಿಸುತ್ತಿರಲಿಲ್ಲ. ಸಿಟ್ಟನ್ನೆಲ್ಲ ಡ್ರಾಫ್ಟಿಗೆ ಇಳಿಸಿ, ಹಗುರಾಗಿ, ಅದೇ ಮಲಕವ್ವನನ್ನು ಕರೆದು ಚಹಾ ಕೊಡುತ್ತಿದ್ದಳು. ರಾಯಬಾಗದ ಆ ಓಣಿಯಲ್ಲಿ ಆಕೆಗೆ ಶಾಂತಮೂರ್ತಿ ಎಂದೇ ಹೆಸರು. (ಮೂರ್ತಿಯ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ.)

ಮಗಳು ಮಯೂರಿಯ ಮದುವೆ ನಿಪ್ಪಾಣಿಯ ಮರಾಠಿ ಮನೆಮಾತಿನ ಮನೆತನಕ್ಕೆ ಗೊತ್ತಾಯಿತು. ಬೀಗತಿ ಜನಾಬಾಯಿಗೆ ಕನ್ನಡ ಮಾತು ಸರಾಗ, ಓದುವುದು ಮಾತ್ರ ಅಕ್ಷರಕ್ಕೆ ಅಕ್ಷರ ಕೂಡಿಸಿ. ಎರಡೂ ಮನೆಯವರಿಗೆಂದು ಮಯೂರಿ ಫೋನಿನಲ್ಲಿ ಒಂದು ಪೇಜು ತೆರೆದಳು.

“ಇಮೇಲ್ ಕಾಲ ಮುಗೀತವ್ವಾ. ಇನ್ನ ಎಲ್ಲಾರೂ ಕೂಡೇ ಇದರಾಗ ಬರಿಯೋದು. ಬೀಗರ ಮಾನಪಾನಕ್ಕ ಯಾರಿಗೆ ಏನ ಕೊಡೋದಂತ ಯಾದಿ ನೀ ಬರಿ.”

“ಸೆಂಡ್ ಎಲ್ಲೈತಿ ಬೇ?”

“ಇದಕ್ಕ ಸೆಂಡ್ ಇಲ್ಲ.”

ಸೆಂಡ್ ಇಲ್ಲವೆಂದರೆ ಎಲ್ಲಿಗೂ ಹೋಗುವುದಿಲ್ಲ ಎಂದೇ ಶಿವಗಂಗವ್ವ ತಿಳಿದಳು. ಆಹಾ, ಈ ಪೇಜು ಡ್ರಾಫ್ಟುಗಳ ಚಕ್ರವರ್ತಿ!

ಮರುದಿನ ದೀಪ ಹಚ್ಚಿ ಪೇಜು ತೆರೆದಳು. ಹಿಂದಿನ ಸಂಜೆಯಷ್ಟೇ ಜನಾಬಾಯಿ ಯಾರ್‍ಯಾರಿಗೆ ಎಂಥ ಸೀರೆ ಎಂಬುದನ್ನು ಓಣಿಗೆಲ್ಲ ಕೇಳುವಂತೆ ಫೋನಿನಲ್ಲಿ ಒಂದು ತಾಸು ಒದರಿದ್ದಳು. ಯಾದಿಯಲ್ಲಿ ಜನಾಬಾಯಿಯ ಹೆಸರಿನ ಮುಂದೆ ಶಿವಗಂಗವ್ವ ತನಗೆ ತಾನೇ ಎಚ್ಚರಿಕೆಯೆಂಬಂತೆ ಮನಸಾರೆ ಬರೆದಳು: “ದೊಡ್ಡ ಬಾಯಿ. ಜ್ವಾಕಿ.”

ತಲೆ ಬಾಚುತ್ತಿದ್ದ ಮಯೂರಿ ತನ್ನ ಫೋನು ನೋಡಿ ಚೀರಿದಳು. “ಅವ್ವಾ! ಏನ ಬರದಿ? ಅವರಿಗೂ ಕಾಣತೈತಿ!”

“ನಾ ಕಳಿಸೇ ಇಲ್ಲಲ್ಲ!”

“ಕಳಸೋದ ಇಲ್ಲವ್ವಾ ಇದರಾಗ. ಬರದಂಗ ಬರದಂಗ ಕಾಣತೈತಿ.”

“ಅಳಸ ಹಂಗಾರ!”

“ಅಳಿಸಿದ್ದೂ ಕಾಣತೈತಿ!”

ಅಷ್ಟರಲ್ಲಿ ಪೇಜಿನ ಮೇಲೆ ಹಸಿರು ಗೀಟೊಂದು ಮೂಡಿತು. ಅದರ ನೆತ್ತಿಯ ಮೇಲೆ ‘ಜನಾಬಾಯಿ’ ಎಂಬ ಹೆಸರು. ಗೀಟು ಯಾದಿಯ ಫೇಡೆ ಸಿಹಿ ದಾಟಿತು, ಪಾತಳ ಸೀರೆ ದಾಟಿತು, ಇಳಿದು ಇಳಿದು ತನ್ನದೇ ಹೆಸರಿನ ಪಕ್ಕ ನಿಂತು ಪಿಳಿಪಿಳಿ ಕಣ್ಣು ಬಿಟ್ಟಿತು. ಮುರಿದ ಸಂಬಂಧ, ವರನಿಲ್ಲದ ಹಂದರ, ಮಗಳ ಬಾಡಿದ ಮುಖ ಒಟ್ಟಿಗೇ ಶಿವಗಂಗವ್ವನ ಕಣ್ಣ ಮುಂದೆ ಬಂದವು.

“ಚಿಂಚಲಿ ಮಾಯವ್ವಾ, ನೀನ ಕಾಯಬೇಕವ್ವಾ!”

ವಿರುಪಾಕ್ಷಪ್ಪ ಇಣುಕಿ ಓದಿದ. “ಸುಳ್ಳೇನ ಬರದಿಲ್ಲ ಬಿಡು. ಆದ್ರ ಹಿಂಗ ಖರೇ ಬರಿಯೋರ ಮಗಳನ್ನ ಯಾರ ತಗೋತಾರ?”

“ನೀವ ಸುಮ್ಮ ಕುಂಡರ್ರಿ! ನನ್ನ ಜೀವ ಹೋಗಾಕತ್ತೈತಿ.”

ಏನೂ ತೋಚದೆ ಫೋನನ್ನು ಜೋಳದ ಹಿಟ್ಟಿನ ಡಬ್ಬಿಯೊಳಗಿಟ್ಟು ಮುಚ್ಚಳ ಒತ್ತಿದಳು. ಡಬ್ಬಿ ರಿಂಗಾಯಿತು. ಹಿಟ್ಟು ಮೆತ್ತಿದ ಫೋನನ್ನು ಮಯೂರಿಯೇ ತೆಗೆದು ಅವ್ವನ ಕಿವಿಗೆ ಹಿಡಿದಳು.

“ಓದಿದೆ ಶಿವಗಂಗಾತಾಯಿ,” ಎಂದಳು ಜನಾಬಾಯಿ. ಆಮೇಲೆ ಮೂಗೆಳೆದ ಸದ್ದು.

“ನಮ್ಮ ಮನ್ಯಾಗ ನಾಲ್ಕ ಮಂದಿ ಸೊಸ್ತೇರು, ನೆಗೆಣ್ಯಾರದೀವ್ರಿ, ನಾನ ಹಿರಿಯಾಕಿ. ಮೂವತ್ತ ವರ್ಷದಾಗ ಒಬ್ಬಾಕಿನೂ ನನಗ ‘ಮೋಠ್ಯಾ ಬಾಯಿ’ ಅಂದಿಲ್ಲ. ನೀವು ‘ದೊಡ್ಡ ಬಾಯಿ’ ಅಂತ ಬರದ್ರಿ, ಮ್ಯಾಲ ನನ್ನ ಚಲೋತ್ನಾಗಿ ಜ್ವಾಕಿ ಮಾಡ್ರಿ ಅಂತನೂ ಬರದ್ರಿ!”

(ಮರಾಠಿಯಲ್ಲಿ ಮೋಠ್ಯಾ ಎಂದರೆ ದೊಡ್ಡ, ಬಾಯಿ ಎಂದರೆ ಗೌರವಸ್ಥ ಹೆಣ್ಣುಮಗಳು. ದೇವಿ ಮಾಯವ್ವ ಆ ಗಳಿಗೆಯಲ್ಲಿ ಮರಾಠಿಯಲ್ಲೇ ಕಾಯ್ದಳು.)

“ಲಗ್ನಪತ್ರಿಕಿ ಕನ್ನಡದಾಗ ಛಾಪಸ್ತೀರಲ್ಲ, ಅದರಾಗೂ ಹಂಗ ಹಾಕಸ್ರಿ. ‘ಜನಾಬಾಯಿ, ದೊಡ್ಡ ಬಾಯಿ.’”

ಅಥಣಿ, ಕುಡಚಿ, ತೆಲಸಂಗದ ಕನ್ನಡ ನೆಂಟರೆಲ್ಲ ಆ ಪತ್ರಿಕೆ ಬಿಡಿಸಿ ಓದುವುದು ಶಿವಗಂಗವ್ವನ ಕಣ್ಣಿಗೆ ಕಟ್ಟಿತು.

“ನೀವು ಇಷ್ಟ ಮಾನ ಕೊಟ್ಟ ಮ್ಯಾಲ ನಾ ಸುಮ್ಮ ಇರಲೇನು? ನಿಮ್ಮ ಹೆಸರಿನ ಮುಂದೂ ‘ದೊಡ್ಡ ಬಾಯಿ’ ಅಂತ ಹಾಕಸೂಣು. ಈಗ ಪೇಜಿನಾಗ ನಾನ ಬರೀತೀನಿ, ತಡೀರಿ.”

ಮಯೂರಿಯ ಫೋನಿನಲ್ಲಿ ಹಸಿರು ಗೀಟು ಮೆಲ್ಲಗೆ ಮೇಲೇರತೊಡಗಿತು.

“ಬರೀಲಿ ಬಿಡು,” ವಿರುಪಾಕ್ಷಪ್ಪ ಟವೆಲ್ಲಿನಲ್ಲಿ ಬಾಯಿ ಒತ್ತಿಕೊಂಡು ಅಂದ, “ನಾ ಬರೀಬೇಕಂದ್ರ ಧೈರ್ಯ ಸಾಲಿಲ್ಲ.”

“ಬ್ಯಾಡ್ರಿ ಬೀಗತಿ, ಕೈ ಮುಗೀತೀನಿ!” ಎಂದಳು ಶಿವಗಂಗವ್ವ. “ಆ ಮಾನ ನಿಮಗ ಒಪ್ಪತೈತಿ. ನಾ ಸಣ್ಣ ಬಾಯಿನ ಇರ್ತೀನ್ರಿ.”