ರಿವರ್ಸ್ ಗೇರಿಲ್ಲದ ಕಾರು

ಕ್ಯಾಪ್ಟನ್ ತನ್ನ ಕಾರನ್ನು ಮೂತಿ ಮುಂದಾಗಿ ಶೆಡ್ಡಿನೊಳಕ್ಕೆ ನುಗ್ಗಿಸಿದ್ದೇ ಅಂದಿನ ಫಜೀತಿಗೆಲ್ಲ ಕಾರಣ.

ಬೇರೆ ಯಾವ ಕಾರಾಗಿದ್ದರೂ ಇದೊಂದು ಸುದ್ದಿಯೇ ಆಗುತ್ತಿರಲಿಲ್ಲ. ಆದರೆ ಇದು ಅರವತ್ತು ವರ್ಷ ಹಳೆಯ, ಮೂರು ಚಕ್ರದ, ಮೊಟ್ಟೆಯ ಆಕಾರದ ಪುಟ್ಟ ಕಾರು. ಇದಕ್ಕಿರುವುದು ಒಂದೇ ಬಾಗಿಲು, ಅದೂ ಮುಂದುಗಡೆ. ಫ್ರಿಜ್ಜಿನ ಬಾಗಿಲಿನ ಹಾಗೆ ಇಡೀ ಮೂತಿಯೇ ತೆರೆದುಕೊಳ್ಳಬೇಕು. ಇನ್ನು ರಿವರ್ಸ್ ಗೇರು ಅನ್ನುವುದೊಂದು ಬೇಕಾಗುತ್ತದೆ ಅಂತ ಇದನ್ನು ತಯಾರಿಸಿದವರಿಗೆ ಹೊಳೆದೇ ಇರಲಿಲ್ಲ. ದಿನಾ ಹೊರಗೆ ನಿಲ್ಲಿಸಿ, ಇಳಿದು, ಮೂತಿಗೆ ಕೈಯಿಟ್ಟು ಹಿಂದಕ್ಕೆ ತಳ್ಳಿ ಶೆಡ್ಡಿಗೆ ಸೇರಿಸುವುದು ಕ್ಯಾಪ್ಟನ್ನನ ರೂಢಿ. ಇವತ್ತು ಕಾಲು ನೆಲದ ಮೇಲಿರಲಿಲ್ಲ.

ಹಾಗೆ ನೋಡಿದರೆ ಅವನು ಯಾವ ಹಡಗಿಗೂ ಕ್ಯಾಪ್ಟನ್ ಅಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡಿಕೊಡುವವನು. ನಲವತ್ತು ವರ್ಷದ ಹಿಂದೆ ಟೀವಿಯಲ್ಲಿ ಪ್ರತಿ ಶನಿವಾರ ಸಂಜೆ ಬರುತ್ತಿದ್ದ ‘ನೌಕೆ ಹನ್ನೊಂದು’ ಧಾರಾವಾಹಿಯನ್ನು ಎಂಟು ವರ್ಷದ ಹುಡುಗನಾಗಿದ್ದಾಗ ನೋಡಿ, ಅಂದಿನಿಂದ ಇಂದಿನವರೆಗೂ ಅದರಿಂದ ಹೊರಗೆ ಬರದವನು. ಅದರಲ್ಲಿ ಬಾಹ್ಯಾಕಾಶ ನೌಕೆ ಯಾವ ಗ್ರಹಕ್ಕಿಳಿದರೂ ಒಳಗಿನಿಂದ ಒಂದು ಗುಂಡನೆಯ ಮೂರು ಚಕ್ರದ ಗಾಡಿ ಉರುಳಿಕೊಂಡು ಬರುತ್ತಿತ್ತು. ಅಂಥದ್ದೇ ಒಂದು ಕಾರು ಗುಜರಿ ಅಂಗಡಿಯಲ್ಲಿ ಕಣ್ಣಿಗೆ ಬಿದ್ದ ದಿನ ಅವನು ಊಟ ಮಾಡಿರಲಿಲ್ಲ. ಅದನ್ನು ಮನೆಗೆ ತಂದ ದಿನ ಅವನ ಹೆಂಡತಿ ಊಟ ಮಾಡಿರಲಿಲ್ಲ.

ಇವತ್ತು ಭಾನುವಾರ, ಊರಿನ ದೊಡ್ಡ ಮೈದಾನದಲ್ಲಿ ಹಳೇ ವಾಹನಗಳ ಪ್ರದರ್ಶನ. ಹನ್ನೆರಡು ಗಂಟೆಗೆ ಮುಖ್ಯ ಅತಿಥಿಯಾಗಿ ಬರುವವರು ಪೈಲಟ್ ಅಕ್ಕ. ‘ನೌಕೆ ಹನ್ನೊಂದು’ರ ಚಾಲಕಿಯ ಪಾತ್ರ ಮಾಡಿದ್ದ ಆಕೆಯನ್ನು ಆ ಕಾಲದ ಮಕ್ಕಳೆಲ್ಲ ಹಾಗೇ ಕರೆಯುತ್ತಿದ್ದುದು. ಪ್ರದರ್ಶನ ನಡೆಸುತ್ತಿದ್ದ ಮೆಕ್ಯಾನಿಕ್ಕು ಕ್ಯಾಪ್ಟನ್ನನಿಗೆ ಮಾತು ಕೊಟ್ಟಿದ್ದ: “ಅವರನ್ನ ನಿಮ್ಮ ಕಾರಲ್ಲೇ ಕೂರಿಸಿ ಒಂದು ರೌಂಡ್ ಹೊಡೆಸ್ತೀನಿ ಸಾರ್.”

ಬೆಳಿಗ್ಗೆ ಒಂಬತ್ತಕ್ಕೇ ಎಂಜಿನ್ ಬಿಸಿಯಾಗಲೆಂದು ಬೀದಿಯಲ್ಲಿ ಒಂದು ಸುತ್ತು ಹೊಡೆದ ಕ್ಯಾಪ್ಟನ್ನನಿಗೆ ನೀಲಿ ಮಫ್ಲರು ಮನೆಯಲ್ಲೇ ಉಳಿದದ್ದು ನೆನಪಾಯಿತು. ನೌಕೆಯವರೆಲ್ಲ ನೀಲಿ ಯೂನಿಫಾರ್ಮಿನ ಮೇಲೆ ಕತ್ತಿಗೆ ನೀಲಿ ಮಫ್ಲರು ಸುತ್ತಿಕೊಳ್ಳುತ್ತಿದ್ದರಲ್ಲ! ಗಡಿಬಿಡಿಯಲ್ಲಿ ತಿರುಗಿಸಿ ಬಂದವನು ನೇರವಾಗಿ ಶೆಡ್ಡಿನೊಳಕ್ಕೇ ನುಗ್ಗಿದ. ಬಂಪರು ಎದುರಿನ ಗೋಡೆಗೆ ಮುತ್ತಿಟ್ಟು ನಿಂತಿತು. ಹಿಂದಿನ ಒಂಟಿ ಚಕ್ರ ನೀರು ಹೋಗುವ ಕಾಲುವೆಯಲ್ಲಿ ‘ದಡಕ್’ ಅಂತ ಕೂತಿತು. ಎಂಜಿನ್ ಆಫ್ ಮಾಡಿ ಬಾಗಿಲಿನ ಹಿಡಿ ತಿರುಗಿಸಿದಾಗಲೇ ಅವನಿಗೆ ತನ್ನ ಪರಿಸ್ಥಿತಿ ಅರ್ಥವಾದದ್ದು.

ಹೆಂಡತಿ ಕಸಬರಿಗೆ ಹಿಡಿದು ಹೊರಗೆ ಬಂದಳು.

“ರೀ, ಇನ್ನೂ ಹೊರಟಿಲ್ವಾ?”

“ಹೊರಟಿದ್ದೆ. ವಾಪಸ್ ಬಂದೆ. ಈಗ ಹೋಗಕ್ಕಾಗ್ತಿಲ್ಲ.”

“ಸರಿ, ಇಳೀರಿ ಮತ್ತೆ.”

“ಇಳಿಯಕ್ಕೂ ಆಗ್ತಿಲ್ಲ.”

ಅರ್ಥವಾಗಲು ಅವಳಿಗೆ ಒಂದು ನಿಮಿಷ ಹಿಡಿಯಿತು. ನಗು ನಿಲ್ಲಲು ಐದು ನಿಮಿಷ ಹಿಡಿಯಿತು. ಆ ನಗು ಕೇಳಿ ಬೀದಿ ಎಚ್ಚೆತ್ತಿತು.

ಮೊದಲು ಬಂದವರು ಪಕ್ಕದ ಮನೆಯ ನಿವೃತ್ತ ಸರ್ವೇಯರು. ಬರುವಾಗಲೇ ಟೇಪು ಹಿಡಿದು ಬಂದಿದ್ದರು. ಗೋಡೆಗೂ ಬಾಗಿಲಿಗೂ ನಡುವೆ ಅಳೆದು, ಕನ್ನಡಕ ಸರಿಮಾಡಿಕೊಂಡು ಹೇಳಿದರು: “ಮುಕ್ಕಾಲು ಇಂಚಿದೆ ಕ್ಯಾಪ್ಟನ್. ನೀವು ಅದಕ್ಕಿಂತ ಸ್ವಲ್ಪ ದಪ್ಪ ಇದ್ದೀರಿ.”

ಎದುರುಮನೆಯ ಟೈಲರು ಕತ್ತರಿ ತಂದ. “ಮೇಲಿರೋದು ಕ್ಯಾನ್ವಾಸ್ ಅಲ್ವಾ ಸಾರ್? ಕತ್ತರಿಸಿ ಹೊರಗೆ ತೆಗೀತೀನಿ. ಆಮೇಲೆ ಹೊಲ್ಕೊಡ್ತೀನಿ. ಬೇಕಿದ್ರೆ ಜಿಪ್ಪೇ ಇಟ್ಟುಬಿಡೋಣ, ಇನ್ನೊಂದ್ಸಲಕ್ಕೆ ಅನುಕೂಲ.”

ಕ್ಯಾಪ್ಟನ್ ತಲೆ ತಗ್ಗಿಸಿದ. ಹೋದ ಮಳೆಗಾಲದಲ್ಲಿ ಛಾವಣಿ ಸೋರುತ್ತಿತ್ತು. ಸೆಟ್ಟಿನ ಒಸಡು ಮಾಡಲು ಬಳಸುವ ಗುಲಾಬಿ ಬಣ್ಣದ ಪುಡಿಯನ್ನು ಕಲಸಿ ಇಡೀ ಕ್ಯಾನ್ವಾಸಿಗೆ ಒಳಗಿನಿಂದ ಬಳಿದುಬಿಟ್ಟಿದ್ದ. ಟೈಲರನ ಕತ್ತರಿ ಮೊದಲ ತಿವಿತಕ್ಕೇ ತುದಿ ಮುರಿದುಕೊಂಡಿತು.

“ಇದೇನ್ಸಾರ್ ಬಂಡೆಕಲ್ಲು!”

“ನನ್ನ ಸೆಟ್ಟು ಹೀಗೇ ಇರುತ್ತೆ,” ಅಂದ ಕ್ಯಾಪ್ಟನ್, ಆ ಸ್ಥಿತಿಯಲ್ಲೂ ಒಂದಿಷ್ಟು ಹೆಮ್ಮೆಯಿಂದ.

ಮಹಡಿಮನೆ ಆಂಟಿ ಮೇಲಿನಿಂದಲೇ ಆಜ್ಞೆ ಹೊರಡಿಸಿದರು: “ಎಲ್ಲಾರೂ ಸೇರಿ ಹಿಂದಿಂದ ಎಳೀರೋ, ನೋಡ್ತಾ ನಿಂತ್ರೆ ಆಗುತ್ತಾ?” ಎಳೆದರು. ಒಂದು, ಎರಡು, ಮೂರು ಅನ್ನುವಷ್ಟರಲ್ಲಿ ಹಿಂದಿನ ಬಂಪರು ಕಳಚಿಬಂದು ಸರ್ವೇಯರ ಕೈಯಲ್ಲಿ ಕೂತಿತು. ಸರ್ವೇಯರು ಬಂಪರಿನ ಸಮೇತ ಟೈಲರನ ಮಡಿಲಲ್ಲಿ ಕೂತರು. ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕ್ಯಾಪ್ಟನ್ನನಿಗೆ ಸಂಕಟವಾದದ್ದು ನಗುವಿನಿಂದಲ್ಲ. ಅದರಲ್ಲಿ ಅರ್ಧ ಜನ ನಗುತ್ತಿದ್ದುದು ಅವನೇ ಮಾಡಿಕೊಟ್ಟ ಹಲ್ಲಿನಿಂದ.

ಮೆಕ್ಯಾನಿಕ್ಕಿಗೆ ಫೋನು ಮಾಡಿದರೆ ಎತ್ತುತ್ತಿಲ್ಲ. ಮೈದಾನದಲ್ಲಿ ಮೈಕು ಹಿಡಿದವನಿಗೆ ಫೋನು ಎಲ್ಲಿ ಕೇಳಬೇಕು? ಒಬ್ಬೊಬ್ಬರೇ ಕರಗಿದರು. ಹೆಂಡತಿ ಕಿಟಕಿಯ ಸಂದಿಯಿಂದ ಚಹಾದ ಲೋಟ ತೂರಿಸಿದಳು. ಆ ಜಾರುಗಾಜಿನ ಕಿಟಕಿಯಲ್ಲಿ ಕೈ ಹೋಗುತ್ತಿತ್ತು, ತಲೆ ಹೋಗುತ್ತಿರಲಿಲ್ಲ.

ಹತ್ತೂವರೆಗೆ ಮನೆ ಮುಂದೆ ಒಂದು ಟ್ಯಾಕ್ಸಿ ನಿಂತಿತು. ಅದರಿಂದ ಇಳಿದವರು ಒಬ್ಬ ವಯಸ್ಸಾದ ಹೆಂಗಸು. ಕುತ್ತಿಗೆಯವರೆಗೂ ಗುಂಡಿ ಹಾಕಿದ ಉದ್ದನೆಯ ಬೂದು ಕೋಟು, ಅರ್ಧ ಮುಖ ಮುಚ್ಚುವ ಕಪ್ಪು ಕನ್ನಡಕ, ಉಳಿದರ್ಧಕ್ಕೆ ಕರವಸ್ತ್ರ.

“ಹಲ್ಲಿನ ಸೆಟ್ ರಿಪೇರಿ ಇಲ್ಲೇನಾ?” ಟ್ಯಾಕ್ಸಿಯವನು ಕೇಳಿದ. “ಅಮ್ಮನ ಸೆಟ್ಟು ಬೆಳಿಗ್ಗೆ ಟೋಸ್ಟ್ ಕಚ್ಚಿದಾಗ ಎರಡು ಹೋಳಾಗಿದೆ. ಹನ್ನೆರಡಕ್ಕೆ ಮದುವೆ ಮನೇಲಿರಬೇಕಂತೆ. ಮಾತಾಡಲ್ಲ, ಎಲ್ಲಾ ಚೀಟೀಲಿ ಬರೆದು ತೋರಿಸ್ತಾರೆ. ಊರಲ್ಲಿ ಒಂದೂ ಅಂಗಡಿ ತೆಗೆದಿಲ್ಲ.”

“ಇಲ್ಲೂ ತೆಗೆದಿಲ್ಲ,” ಕಾರಿನೊಳಗಿನಿಂದ ದನಿ ಬಂತು. “ನೋಡ್ತಿಲ್ವಾ, ಮುಚ್ಚಿದೆ!”

ಹೆಂಡತಿ ಕಿಟಕಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು: “ಪಾಪ ಕಣ್ರೀ. ಹೇಗೂ ಸುಮ್ನೆ ಕೂತಿದ್ದೀರಲ್ಲ.”

ಅದು ನಿಜವೇ ಆಗಿತ್ತು. ಹೆಂಡತಿ ಒಳಗಿನಿಂದ ಪುಡಿ, ಅದನ್ನು ಕಲಸುವ ದ್ರವ, ಕುಂಚ, ಉಜ್ಜುವ ಅರ ಎಲ್ಲ ತಂದು ಕಿಟಕಿಯಲ್ಲಿ ಒಂದೊಂದಾಗಿ ತೂರಿಸಿದಳು. ಪಾಲಿಶ್ ಮಾಡುವ ಪುಟ್ಟ ಮೋಟರಿಗೆ ಕೋಣೆಯಿಂದ ವೈರು ಎಳೆದಳು. ಕ್ಯಾಪ್ಟನ್ ಸ್ಟೇರಿಂಗಿನ ಮೇಲೆ ಟವೆಲು ಹಾಸಿಕೊಂಡು ಎರಡು ಹೋಳುಗಳನ್ನು ಜೋಡಿಸಿದ. ಆ ಹೆಂಗಸು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತು ಕಾರನ್ನು ಮೇಲಿಂದ ಕೆಳಗೆ ನೋಡಿದರು.

ಕೈಗೆ ಕೆಲಸ ಸಿಕ್ಕರೆ ಕ್ಯಾಪ್ಟನ್ನನ ಬಾಯಿಗೂ ಕೆಲಸ ಸಿಕ್ಕಿತೆಂದೇ ಅರ್ಥ.

“ನಿಮಗಾದ್ರೂ ಮದುವೆ ಸಿಗುತ್ತಮ್ಮ. ನನ್ನದು ಹೋಯ್ತು. ಪೈಲಟ್ ಅಕ್ಕ ಬರ್ತಿದಾರೆ ಮೈದಾನಕ್ಕೆ. ‘ನೌಕೆ ಹನ್ನೊಂದು’ ನೋಡಿದ್ರಾ ನೀವು?”

ಆಕೆಯ ತಲೆ ಹೌದೆನ್ನುವಂತೆಯೂ ಇಲ್ಲವೆನ್ನುವಂತೆಯೂ ಆಡಿತು.

“ಈಗಿನ ಸೀರಿಯಲ್ಲುಗಳಲ್ಲಿ ನೌಕೆ ಅಂದ್ರೆ ನಿಜವಾದ ನೌಕೆ ಥರಾನೇ ಇರುತ್ತೆ. ಅದ್ರಲ್ಲೇನು ಮಜಾ? ನಮ್ಮದ್ರಲ್ಲಿ ಹೆಲ್ಮೆಟ್ಟು ಅಂದ್ರೆ ಅಡುಗೆಮನೆ ಬೋಗುಣಿ, ಕಂಟ್ರೋಲು ಅಂದ್ರೆ ರೇಡಿಯೋ ಗುಂಡಿ. ಗೊತ್ತಾಗ್ತಿತ್ತು. ಆದ್ರೂ ನಂಬ್ತಿದ್ವಿ. ಈ ಕಾರೂ ಹಾಗೇ ಅಮ್ಮ. ಮುಂದೆ ಪ್ರಪಂಚ ಹೀಗಿರುತ್ತೆ, ಗುಂಡಗೆ, ನಗ್ತಾ ಇರುತ್ತೆ ಅಂತ ಯಾರೋ ಆಗ ಅಂದ್ಕೊಂಡಿದ್ರು. ಹಾಗಾಗಲಿಲ್ಲ. ಆದ್ರೆ ಅಂದ್ಕೊಂಡಿದ್ದೇ ಒಂದು ಚಂದ ಅಲ್ವಾ?”

ಆಕೆ ಕರವಸ್ತ್ರ ಒತ್ತಿ ಹಿಡಿದರು. ಭುಜ ಅಲುಗುತ್ತಿತ್ತು.

“ನಟನೆ ಏನೂ ಬರ್ತಿರಲಿಲ್ಲ ಪೈಲಟ್ ಅಕ್ಕನಿಗೆ, ಸುಳ್ಳು ಯಾಕೆ ಹೇಳಲಿ,” ಕ್ಯಾಪ್ಟನ್ ಕುಂಚ ಅದ್ದುತ್ತ ಮುಂದುವರಿಸಿದ. ಆಕೆಯ ಭುಜ ಅಲುಗುವುದು ನಿಂತಿತು. “ಆದ್ರೆ ನೌಕೆಗೆ ಏಟು ಬಿದ್ದು, ದೀಪ ಎಲ್ಲಾ ಆರಿ, ಇನ್ನೇನು ಮುಗೀತು ಅನ್ನುವಾಗ ಹಿಂದೆ ತಿರುಗಿ ಒಂದು ನಗು ನಗ್ತಿದ್ರು ನೋಡಿ. ಆ ವರ್ಷ ನಮ್ಮಮ್ಮ ಆಸ್ಪತ್ರೇಲಿದ್ರು. ಯಾರೂ ನಂಗೇನೂ ಹೇಳ್ತಿರಲಿಲ್ಲ. ಶನಿವಾರ ಆ ನಗು ನೋಡಿದ್ರೆ, ಏನೂ ಆಗಲ್ಲ ಅನ್ನಿಸ್ತಿತ್ತು. ಏನೂ ಆಗಲೂ ಇಲ್ಲ. ಅಮ್ಮ ಮನೆಗೆ ಬಂದ್ರು. ನಾನು ಈ ಹಲ್ಲಿನ ಕಸುಬು ಹಿಡಿದಿದ್ದೇ ಆ ನಗು ನೋಡಿ. ಅಂಥ ಹಲ್ಲು ಒಂದು ಸಲ ಹತ್ತಿರದಿಂದ ನೋಡಬೇಕು ಅಂತ ಆಸೆ ಇತ್ತು.”

ಸ್ಟೂಲು ಸರಿದ ಸದ್ದಾಯಿತು. ಆಕೆ ಎದ್ದು ನಿಂತಿದ್ದರು. ಹೆಂಡತಿ ಅವರ ತೋಳು ಹಿಡಿದು, “ಒಳಗೆ ಬನ್ನಿ ಅಮ್ಮ, ಒಂದಿಷ್ಟು ನೀರು ಕುಡೀರಿ,” ಅಂತ ಕರೆದುಕೊಂಡು ಹೋದಳು.

“ನನ್ನ ಮಾತಿಗೆ ಬೇಜಾರಾಯ್ತೇನೋ,” ಅಂದುಕೊಂಡ ಕ್ಯಾಪ್ಟನ್ ಮೋಟರು ಚಾಲೂ ಮಾಡಿದ. ದ್ರವದ ಘಾಟು ಕಾರಿನ ತುಂಬ ತುಂಬಿ ಕಣ್ಣಲ್ಲಿ ನೀರು ಬರುತ್ತಿತ್ತು. ಅಂಥ ಹೊತ್ತಲ್ಲೂ ಬಿರುಕಿನ ಗೆರೆ ಎಲ್ಲಿತ್ತೆಂದು ದೇವರೇ ಬಂದರೂ ಹೇಳಲಾಗಬಾರದು, ಹಾಗೆ ನಯ ಮಾಡಿದ.

ಹನ್ನೆರಡಕ್ಕೆ ಕಾಲು ಗಂಟೆ ಇದ್ದಾಗ ಆಕೆ ಹೊರಗೆ ಬಂದು, ಅತ್ತ ತಿರುಗಿ ನಿಂತು ಸೆಟ್ಟು ಹಾಕಿಕೊಂಡರು.

“ಕಚ್ಚಿ ನೋಡಿ. ಎಡಗಡೆ ಎತ್ತರ ಇದೆಯಾ?”

ಇಲ್ಲವೆಂದು ತಲೆಯಾಡಿತು.

“ಹಾಗಾದ್ರೆ ಈಗ ಧೈರ್ಯವಾಗಿ ಮಾತಾಡಿ.”

ಆಕೆ ಕರವಸ್ತ್ರ ಬಾಯಿಗೆ ಹಿಡಿದುಕೊಂಡೇ ಕಿಟಕಿಯೊಳಕ್ಕೆ ಇನ್ನೊಂದು ಕೈ ತೂರಿಸಿ ಅವನ ಕೈ ಹಿಡಿದರು. ಬಹಳ ಹೊತ್ತು ಹಿಡಿದಿದ್ದರು.

ಟ್ಯಾಕ್ಸಿಯವನು ಕಾರಿನ ಸುತ್ತ ಒಂದು ಸುತ್ತು ಬಂದು, “ನನ್ನ ಡಿಕ್ಕೀಲಿ ಹಗ್ಗ ಇದೆ ಸಾರ್. ಅರ್ಧ ಗಂಟೇಲಿ ಎಳೆದು ಹಾಕ್ತೀನಿ,” ಅಂದ.

ಅರ್ಧ ಗಂಟೆ! ಹೊರಬಂದರೆ ಪೈಲಟ್ ಅಕ್ಕನ ಭಾಷಣದ ಕೊನೆಗಾದರೂ ತಲುಪಬಹುದು. ಕ್ಯಾಪ್ಟನ್ ಒಮ್ಮೆ ಹಗ್ಗವನ್ನು ನೆನೆದ, ಒಮ್ಮೆ ಆ ಹೆಂಗಸನ್ನು ನೋಡಿದ. ಮದುವೆ ಮನೆಯಲ್ಲಿ ಫೋಟೋ ತೆಗೆಯುವ ಹೊತ್ತಿಗೆ ಈ ಅಜ್ಜಿ ಇಲ್ಲದಿದ್ದರೆ?

“ಬೇಡಪ್ಪ. ಮೊದಲು ಅಮ್ಮನ್ನ ತಲುಪಿಸು. ಅವರಿಗೆ ಹೊತ್ತಾಗುತ್ತೆ. ನಂದು ಹೇಗೂ ತಪ್ಪಿತು.”

ಟ್ಯಾಕ್ಸಿ ಹೊರಟಿತು. ಬೀದಿಯ ತಿರುವಿನವರೆಗೂ ಹಿಂದಿನ ಗಾಜಿನಲ್ಲಿ ಆ ಕಪ್ಪು ಕನ್ನಡಕ ಈಚೆಗೇ ತಿರುಗಿತ್ತು.

ಮೆಕ್ಯಾನಿಕ್ಕು ಬಂದದ್ದು ಎರಡೂವರೆಗೆ, ನಾಲ್ಕು ಆಳುಗಳ ಸಮೇತ. ಕಾಲುವೆಯಿಂದ ಚಕ್ರ ಎತ್ತಿ, ಕಾರನ್ನು ಆಟಿಕೆಯ ಹಾಗೆ ಹೊರಗಿಟ್ಟರು. ಕ್ಯಾಪ್ಟನ್ ಐದೂವರೆ ಗಂಟೆಯ ಮೇಲೆ ಭೂಮಿಗೆ ಕಾಲಿಟ್ಟ. ಕಾಲು ಜೋಮು ಹಿಡಿದು ಅಲ್ಲೇ ಕುಸಿದ.

“ಪೈಲಟ್ ಅಕ್ಕ ಬಂದಿದ್ರಾ?” ಕೂತಲ್ಲಿಂದಲೇ ಕೇಳಿದ.

“ಬರೋದೇನು ಸಾರ್, ಅದೇ ನೀಲಿ ಯೂನಿಫಾರ್ಮಲ್ಲೇ ಬಂದ್ರು! ಆದ್ರೆ ಯಾವ ಗಾಡೀಲೂ ಕೂರಲ್ಲ ಅಂದುಬಿಟ್ರು. ಮುಂದೆ ಬಾಗಿಲಿರೋ ಮೂರು ಚಕ್ರದ್ದೊಂದಿದ್ರೆ ಮಾತ್ರ ಕೂರ್ತೀನಿ ಅಂದ್ರು. ಅಂಥದ್ದೊಂದಿದೆ ಅಮ್ಮ, ಓನರ್ರೇ ಬರಲಿಲ್ಲ ಅಂದೆ.”

ಕ್ಯಾಪ್ಟನ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. “ನನ್ನ ಹಣೆಬರಹವೇ! ಇನ್ನೇನಂದ್ರು?”

“ಹೆಚ್ಚು ಮಾತಿಲ್ಲ. ಬರೀ ನಕ್ರು. ಎಂಥ ನಗು ಅಂತೀರಿ! ನೋಡಿ ಫೋಟೋ. ಈ ವಯಸ್ಸಲ್ಲಿ ಇಂಥ ಹಲ್ಲಿರಲ್ಲ, ಸೆಟ್ಟೇ ಇರಬೇಕು ಅಂತ ನಮ್ಮವರಲ್ಲೇ ಒಬ್ಬ ಅಂದ.”

ಕ್ಯಾಪ್ಟನ್ ಫೋನು ಕಿತ್ತುಕೊಂಡ. ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ತನ್ನ ಕೆಲಸದ ಭೂತಗನ್ನಡಿ ತರಿಸಿ, ಹಲ್ಲು ಹಲ್ಲಾಗಿ ಪರೀಕ್ಷಿಸಿದ.

“ಯಾವನಯ್ಯಾ ಅವನು ಸೆಟ್ಟು ಅಂದವನು? ಇಪ್ಪತ್ತೈದು ವರ್ಷ ಇದರಲ್ಲೇ ಸವೆದಿದೀನಿ. ಇದು ಸ್ವಂತ ಹಲ್ಲು. ಬರೆದುಕೊಡ್ತೀನಿ ಬೇಕಾದ್ರೆ!”

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ನಿಂತು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಚೀಟಿಯನ್ನು ಬಿಡಿಸಿದಳು. ಬೆಳಿಗ್ಗೆ ನೀರು ಕುಡಿಯಲೆಂದು ಆಕೆ ಕೋಟಿನ ಮೇಲಿನ ಎರಡು ಗುಂಡಿ ಬಿಚ್ಚಿದಾಗ ಒಳಗೆ ನೀಲಿ ಕಾಲರು ಕಂಡಿತ್ತು. ಅದರ ಮೇಲೆ ಬೆಳ್ಳಿಯ ಬಣ್ಣದಲ್ಲಿ ಹನ್ನೊಂದು ಅಂತ ಹೊಲಿದಿತ್ತು. ಇವಳು ಕೂಗಲು ಬಾಯಿ ತೆಗೆಯುವಷ್ಟರಲ್ಲಿ ಆಕೆ ಕೈ ಹಿಡಿದು ತಡೆದು, ಬರೆದುಕೊಟ್ಟದ್ದು ಇದು:

‘ನಿಮ್ಮ ಯಜಮಾನರಿಗೆ ಹೇಳಬೇಡಮ್ಮ, ನನ್ನಾಣೆ. ಅವರು ಅಷ್ಟು ವರ್ಷ ಜೋಪಾನ ಮಾಡಿಕೊಂಡ ನಗುವನ್ನು ಬೊಚ್ಚು ಬಾಯಿಂದ ಹೇಗೆ ಒಡೆಯಲಿ?’

“ಏಯ್, ಎಲ್ಲಿದೀಯಾ? ಬಾರೇ ಇಲ್ಲಿ, ಫೋಟೋ ನೋಡು!” ಹೊರಗಿನಿಂದ ಕೂಗು ಬಂತು.

ಅವಳು ಚೀಟಿ ಮಡಿಚಿ, ಕಣ್ಣೊರೆಸಿಕೊಂಡು ಹೊರಗೆ ಬಂದು ಅವನ ಪಕ್ಕ ನೆಲದ ಮೇಲೇ ಕೂತಳು.

“ನೋಡಿದ್ಯಾ? ಇಂಥ ಹಲ್ಲು ಮನುಷ್ಯರ ಕೈಯಲ್ಲಿ ಮಾಡಕ್ಕಾಗಲ್ಲ ಕಣೇ.”

“ನಿಮ್ಮ ಕೈಯಲ್ಲೂ ಆಗಲ್ವೇನ್ರೀ?”

ಕ್ಯಾಪ್ಟನ್ ಫೋಟೋದಿಂದ ಕಣ್ಣು ಕೀಳದೆ ನಿಟ್ಟುಸಿರುಬಿಟ್ಟ.

“ನನ್ನ ಕೈಯಲ್ಲಾ? ಈ ಜನ್ಮದಲ್ಲಿಲ್ಲ ಬಿಡು.”